ಓದುವ ಅಭಿಮಾನಿ ಫ್ಯಾನ್ ಕನ್ವೆನ್ಷನ್‌ಗೆ ಹೋಗಬೇಕೇ? ಬಾಸ್ಟನ್‌ಗೆ ಹೊಸದಾಗಿ ಬಂದವರಿಗೆ ಒಂದು ಉತ್ತರ

ನೀವು ಕೇಳಿದ್ದು ಇಷ್ಟು: ಮೈಸೂರಿನಿಂದ ಬಾಸ್ಟನ್‌ಗೆ ಪಿಎಚ್‌ಡಿಗೆಂದು ಬಂದಿದ್ದೀರಿ. ಸೈನ್ಸ್ ಫಿಕ್ಷನ್ ಎಂದರೆ ಪ್ರಾಣ, ಅದರ ಬಗ್ಗೆ ಗಂಭೀರವಾಗಿ ಬರೆಯುವ ಆಸೆಯೂ ಇದೆ. ವೇಷ ಹಾಕುವುದು, ನಟರ ಸಹಿಗೆ ಸಾಲು ನಿಲ್ಲುವುದು ನಿಮಗೆ ಬೇಡ. ಹೀಗಿರುವಾಗ ಇಲ್ಲಿನ ಫ್ಯಾನ್ ಕನ್ವೆನ್ಷನ್‌ಗಳಿಗೆ (ಅಭಿಮಾನಿಗಳ ಸಮಾವೇಶಗಳಿಗೆ, ಚಿಕ್ಕದಾಗಿ ‘ಕಾನ್’) ದುಡ್ಡು ಹಾಕಬೇಕೋ, ವಿಶ್ವವಿದ್ಯಾಲಯದವರು ನಡೆಸುವ ಸಮ್ಮೇಳನಗಳಷ್ಟೇ ಸಾಕೋ?

ಖಂಡಿತ ಹೋಗಿ. ಯಾವುದಕ್ಕೆ ಎನ್ನುವುದು ಮಾತ್ರ ನಿಮ್ಮ ಕುತೂಹಲ ಯಾವುದರ ಮೇಲಿದೆ ಎನ್ನುವುದಕ್ಕೆ ಬಿಟ್ಟಿದ್ದು. ಪುಸ್ತಕಗಳ ಮೇಲೋ, ಅವನ್ನು ಓದುವ ಜನರ ಮೇಲೋ, ಈ ಲೋಕದ ಇತಿಹಾಸದ ಮೇಲೋ? ಮೂರಕ್ಕೂ ಜಾಗ ಬೇರೆ ಬೇರೆ. ಹೊಸಬರು ಸಾಮಾನ್ಯವಾಗಿ ಎಡವುವುದೇ ಇಲ್ಲಿ: ಅತಿ ದೊಡ್ಡ ಕಾನ್‌ಗೆ ಮೊದಲು ಹೋಗಿ, ಗದ್ದಲಕ್ಕೆ ಬೇಸತ್ತು, ‘ಇದು ನಮ್ಮಂಥವರಿಗಲ್ಲ’ ಎಂದು ಕೈಬಿಡುತ್ತಾರೆ.

ಬೆಂಗಳೂರಿನ ಕಾಮಿಕ್ ಕಾನ್ ನೋಡಿದ್ದರೆ ಆ ಚಿತ್ರವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಅದು ಕಂಪನಿಯವರು ಟಿಕೆಟ್ ಮಾರಿ ನಡೆಸುವ ಪ್ರದರ್ಶನ. ಇಲ್ಲಿನ ಹಳೆಯ ಸೈನ್ಸ್ ಫಿಕ್ಷನ್ ಕಾನ್‌ಗಳು, ಅಮೆರಿಕದ ಕನ್ನಡಿಗರ ಅಕ್ಕ ಸಮ್ಮೇಳನದ ಹಾಗೆ, ಸ್ವಯಂಸೇವಕರು ಸಂಜೆ ಹೊತ್ತು ಕೂತು ಕಟ್ಟುವಂಥವು. ನೀವು ಕೊಳ್ಳುವುದಕ್ಕೆ ಟಿಕೆಟ್ ಎನ್ನುವುದಿಲ್ಲ, ಸದಸ್ಯತ್ವ ಎನ್ನುತ್ತಾರೆ. ವೇದಿಕೆಯ ಮೇಲೆ ಕೂತವರಿಗೂ ಬಹುಮಟ್ಟಿಗೆ ಸಂಭಾವನೆಯಿಲ್ಲ. ಇಂದು ಸಭಿಕರಾಗಿ ಕೂತವರು ನಾಳೆ ಚರ್ಚೆ ನಡೆಸಿಕೊಡಬಹುದು. ಚರ್ಚೆಯ ಮಟ್ಟ ಮೇಲಿರಲು ದೊಡ್ಡ ಕಾರಣ ಇದೇ.

ಬಾಸ್ಟನ್‌ಗೆ ಬಂದದ್ದು ನಿಮ್ಮ ಅದೃಷ್ಟ. ರೀಡರ್‌ಕಾನ್ 1987ರಲ್ಲಿ ಇಲ್ಲೇ ಶುರುವಾಯಿತು, ಬೇಸಿಗೆಯಲ್ಲಿ ಬರ್ಲಿಂಗ್ಟನ್, ಕ್ವಿನ್ಸಿಯಂಥ ಉಪನಗರದ ಹೋಟೆಲಿನಲ್ಲಿ ನಡೆಯುತ್ತ ಬಂದಿದೆ. ಅದರಲ್ಲಿ ವೇಷಸ್ಪರ್ಧೆಯಿಲ್ಲ, ಚಿತ್ರಕಲಾ ಪ್ರದರ್ಶನವಿಲ್ಲ, ಸಿನಿಮಾ ಕೋಣೆಯಿಲ್ಲ. ಇರುವುದು ಚರ್ಚೆ, ಲೇಖಕರ ವಾಚನ, ಪುಸ್ತಕದ ಮಳಿಗೆ. ಬದುಕಿರುವ ಗೌರವ ಅತಿಥಿಗಳ ಜೊತೆಗೆ ತೀರಿಹೋದ ಒಬ್ಬ ಲೇಖಕರನ್ನು ಸ್ಮರಣೆಯ ಅತಿಥಿಯಾಗಿ ಆರಿಸಿ, ಅವರ ಕೃತಿಗಳ ಮೇಲೆ ಚರ್ಚೆ ಇಡುವ ಪದ್ಧತಿಯಿದೆ. ನಿಮ್ಮ ಮನೋಧರ್ಮದವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಗೊತ್ತಿಲ್ಲ. ಹೋಗುವ ಮುಂಚೆ ಆ ವರ್ಷದ ಅತಿಥಿಗಳ ಒಂದೊಂದು ಪುಸ್ತಕವನ್ನಾದರೂ ಓದಿಕೊಳ್ಳಿ, ಇಲ್ಲದಿದ್ದರೆ ಅರ್ಧ ಚರ್ಚೆ ತಲೆಯ ಮೇಲೆ ಹಾದುಹೋಗುತ್ತದೆ.

ಬಾಸ್ಕೋನ್ ಫೆಬ್ರವರಿಯದು, ನಗರದೊಳಗೇ ನಡೆಯುತ್ತದೆ. 1967ರಲ್ಲಿ ಹುಟ್ಟಿದ ನ್ಯೂ ಇಂಗ್ಲೆಂಡ್ ಸೈನ್ಸ್ ಫಿಕ್ಷನ್ ಸಂಘ ಅದನ್ನು ನಡೆಸುತ್ತದೆ. ಸಾಹಿತ್ಯದ ಜೊತೆಗೆ ವಿಜ್ಞಾನ, ಚಿತ್ರಕಲೆ, ಸಂಗೀತ ಎಲ್ಲವೂ ಇರುತ್ತದೆ. ಜನವರಿಯ ಅರೀಸಿಯಾದಲ್ಲಿ ವೇಷಭೂಷಣ, ಆಟಗಳದ್ದೇ ಭರಾಟೆ. ನೀವು ಮೊದಲ ವರ್ಷ ಬಿಟ್ಟರೂ ನಷ್ಟವಿಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಕಾಮಿಕ್ ಕಾನ್‌ಗೆ ಸೇರುವ ಜನ 1,30,000ಕ್ಕೂ ಹೆಚ್ಚು. ಬ್ಯಾಡ್ಜ್ (ಪ್ರವೇಶದ ಬಿಲ್ಲೆ) ಬೇಕಾದರೆ ಮೊದಲೇ ಸದಸ್ಯ ಖಾತೆ ತೆರೆದು, ನಿಗದಿತ ದಿನ ಆನ್‌ಲೈನ್ ಸರದಿಯಲ್ಲಿ ಕಾಯಬೇಕು, ಸರದಿ ಬರುವುದು ಅದೃಷ್ಟದ ಮೇಲೆ. ಕಾಮಿಕ್ಸ್ ನಿಮ್ಮ ಅಧ್ಯಯನದ ವಿಷಯವಾಗಿದ್ದರೆ ಮಾತ್ರ ಅಷ್ಟು ದೂರ ಹೋಗುವುದರಲ್ಲಿ ಅರ್ಥವಿದೆ, ಏಕೆಂದರೆ 1992ರಿಂದ ಅದರೊಳಗೇ ಕಾಮಿಕ್ಸ್ ಆರ್ಟ್ಸ್ ಕಾನ್ಫರೆನ್ಸ್ ಎಂಬ ವಿದ್ವತ್ ಗೋಷ್ಠಿ ನಡೆಯುತ್ತಿದೆ.

ಪ್ಯಾನೆಲ್ ಎಂದರೆ ಪ್ರಬಂಧ ಮಂಡನೆಯಲ್ಲ ಎನ್ನುವುದನ್ನು ವಿಶ್ವವಿದ್ಯಾಲಯದ ವಾತಾವರಣದಲ್ಲಿ ಬೆಳೆದವರಿಗೆ ಒತ್ತಿ ಹೇಳಬೇಕು. ಐವತ್ತು ನಿಮಿಷದಿಂದ ಒಂದು ತಾಸು, ನಾಲ್ಕೈದು ಜನ, ನಡೆಸಿಕೊಡಲು ಒಬ್ಬರು. ಪ್ರಶ್ನೋತ್ತರ ತೆಗೆದರೆ ಒಬ್ಬೊಬ್ಬರಿಗೆ ಸಿಗುವುದು ಎಂಟು ಹತ್ತು ನಿಮಿಷ, ಅದೂ ಚೂರುಚೂರಾಗಿ. ಬರೆದು ತಂದದ್ದನ್ನು ಓದಲು ಹೊರಟರೆ ಚರ್ಚೆ ಅಲ್ಲೇ ಸಾಯುತ್ತದೆ. ಭಾಗವಹಿಸಬೇಕೆಂದಿದ್ದರೆ ಬಹಳ ಕಾನ್‌ಗಳು ಹಲವು ತಿಂಗಳು ಮೊದಲೇ ಆಸಕ್ತಿಯ ಅರ್ಜಿ ತೆರೆಯುತ್ತವೆ. ಅದರಲ್ಲಿ ಪದವಿಗಳ ಪಟ್ಟಿ ಕೊಟ್ಟು ಪ್ರಯೋಜನವಿಲ್ಲ. ಯಾವ ಲೇಖಕರ ಬಗ್ಗೆ, ಯಾವ ಪ್ರಶ್ನೆಯ ಬಗ್ಗೆ ಆಧಾರವಿಟ್ಟು ಮಾತಾಡಬಲ್ಲಿರಿ ಎಂದು ಮೂರು ನಾಲ್ಕು ಸಾಲಿನಲ್ಲಿ ಹೇಳಿ. ಕನ್ನಡ ಇಲ್ಲಿ ನಿಮ್ಮ ಬಲ. ಕನ್ನಡದ ವೈಜ್ಞಾನಿಕ ಕಥೆಗಾರ ರಾಜಶೇಖರ ಭೂಸನೂರಮಠರ ಹೆಸರು ಕೇಳಿದವರು ಆ ಸಭೆಯಲ್ಲಿ ಸಿಗುವುದು ಕಷ್ಟ. ಇಂಗ್ಲಿಷಿನ ಹೊರಗಿನ ವೈಜ್ಞಾನಿಕ ಕಥೆಗಳ ಬಗ್ಗೆ ತಿಳಿದು ಮಾತಾಡುವವರನ್ನು ಕಾರ್ಯಕ್ರಮ ಸಮಿತಿಗಳು ಸಂತೋಷದಿಂದ ಕರೆಯುತ್ತವೆ.

ಸಭಿಕರಾಗಿ ಕೂತಾಗ ಪ್ರಶ್ನೆ ಒಂದೇ ವಾಕ್ಯದಲ್ಲಿರಲಿ. ನಿಮ್ಮ ಸಿದ್ಧಾಂತದ ಮುನ್ನುಡಿಗೆ ಇಲ್ಲಿ ಯಾರಿಗೂ ತಾಳ್ಮೆಯಿಲ್ಲ, ಹಾಗಿರುವುದು ನ್ಯಾಯವೂ ಹೌದು. ಪಕ್ಕದ ಕುರ್ಚಿಯಲ್ಲಿರುವ ನಿವೃತ್ತ ಎಂಜಿನಿಯರ್ ಒಂದು ಪತ್ರಿಕೆಯ ಮೂವತ್ತು ವರ್ಷದ ಸಂಚಿಕೆಗಳನ್ನು ಸಾಲಾಗಿ ಓದಿದವರಾಗಿರಬಹುದು. ವಿಶ್ವವಿದ್ಯಾಲಯಗಳು ಈ ಸಾಹಿತ್ಯದತ್ತ ತಿರುಗಿ ನೋಡುವ ಮುಂಚೆಯೇ ಅದರ ಸೂಚಿಗಳನ್ನು ಕಟ್ಟಿದವರು ಅಭಿಮಾನಿಗಳು: ಡೊನಾಲ್ಡ್ ಡೇ 1926ರಿಂದ 1950ರವರೆಗಿನ ಪತ್ರಿಕೆಗಳ ಸೂಚಿಯನ್ನು 1952ರಲ್ಲೇ ಹೊರತಂದರು, ಅದನ್ನು ಮುಂದುವರಿಸಿದ್ದು ಎಂಐಟಿಯ ಸೈನ್ಸ್ ಫಿಕ್ಷನ್ ವಿದ್ಯಾರ್ಥಿ ಸಂಘ. ಲೇಖಕರ ಜೊತೆ ನಿಜವಾಗಿ ಮಾತಾಡಬೇಕೆಂದರೆ ಕಾಫಿಕ್ಲಾಚ್ ಎಂಬ ಸಣ್ಣ ಕೂಟಕ್ಕೆ ಹೆಸರು ಬರೆಸಿ. ಒಂದು ಮೇಜು, ಸುತ್ತ ಹತ್ತು ಜನ, ಒಬ್ಬ ಲೇಖಕರು. ಪಟ್ಟಿ ಬೇಗ ತುಂಬುತ್ತದೆ, ಬ್ಯಾಡ್ಜ್ ತೆಗೆದುಕೊಂಡ ಕೂಡಲೇ ಆ ಕೆಲಸ ಮುಗಿಸಿ.

ವಿದ್ವತ್ ಸಮ್ಮೇಳನಗಳ ದಾರಿ ಬೇರೆ. ಫ್ಲಾರಿಡಾದ ಒರ್ಲ್ಯಾಂಡೋದಲ್ಲಿ ಮಾರ್ಚ್‌ನಲ್ಲಿ ನಡೆಯುವ ಐಸಿಎಫ್‌ಎಗೆ (ಇಂಟರ್‌ನ್ಯಾಷನಲ್ ಕಾನ್ಫರೆನ್ಸ್ ಆನ್ ದಿ ಫೆಂಟಾಸ್ಟಿಕ್ ಇನ್ ದಿ ಆರ್ಟ್ಸ್) ಹಿಂದಿನ ಶರತ್ಕಾಲದಲ್ಲೇ ಸಾರಾಂಶ ಕಳಿಸಬೇಕು. ಅಲ್ಲಿ ಪ್ರಾಧ್ಯಾಪಕರೂ ಲೇಖಕರೂ ಒಂದೇ ಹೋಟೆಲಿನಲ್ಲಿ ಕಲೆಯುತ್ತಾರೆ. 1970ರಲ್ಲಿ ಸ್ಥಾಪನೆಯಾದ ಸೈನ್ಸ್ ಫಿಕ್ಷನ್ ರಿಸರ್ಚ್ ಅಸೋಸಿಯೇಷನ್ನಿನ ವಾರ್ಷಿಕ ಸಮ್ಮೇಳನ ಇನ್ನೊಂದು. ಪ್ರಬಂಧ ಒಪ್ಪಿಗೆಯಾದರೆ ವಿಭಾಗದಿಂದ ಪ್ರಯಾಣದ ಅನುದಾನ ಕೇಳಬಹುದು. ಫ್ಯಾನ್ ಕಾನ್‌ನ ಖರ್ಚಿಗೆ ಸಾಮಾನ್ಯವಾಗಿ ಕೊಡುವುದಿಲ್ಲ, ಅದನ್ನು ಸ್ವಂತ ದುಡ್ಡೆಂದೇ ಲೆಕ್ಕ ಹಾಕಿ. ಫ್ಯಾನ್ ಕಾನ್, ವಿದ್ವತ್ ಸಮ್ಮೇಳನ ಇವೆರಡರ ನಡುವೆ ವರ್ಲ್ಡ್‌ಕಾನ್ ಎಂಬ ವಿಶ್ವ ಸೈನ್ಸ್ ಫಿಕ್ಷನ್ ಸಮಾವೇಶ ಇದೆ, 1939ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದದ್ದು. ಕೆಲವು ವರ್ಷ ಅದರೊಳಗೆ ವಿದ್ವತ್ ವಿಭಾಗವೂ ಇರುತ್ತದೆ.

ಜನರನ್ನೇ ಅಧ್ಯಯನ ಮಾಡುವ ಇರಾದೆಯಿದ್ದರೆ ಇನ್ನಷ್ಟು ಎಚ್ಚರ ಬೇಕು. ವಿದ್ವಾಂಸರಾದ ಹೆನ್ರಿ ಜೆಂಕಿನ್ಸ್ ಮತ್ತು ಕ್ಯಾಮಿಲ್ ಬೇಕನ್-ಸ್ಮಿತ್ ಅಭಿಮಾನಿಗಳ ಬಗ್ಗೆ ಬರೆದ ಪುಸ್ತಕಗಳು 1992ರಲ್ಲೇ ಬಂದವು. ‘ನಮ್ಮ ಬಗ್ಗೆ ಯಾರು, ಯಾಕೆ ಬರೆಯುತ್ತಿದ್ದಾರೆ’ ಎಂಬ ಪ್ರಶ್ನೆ ಅಭಿಮಾನಿ ವಲಯಗಳಲ್ಲಿ ಅಂದಿನಿಂದಲೂ ಜೀವಂತ. ಆದ್ದರಿಂದ ಮೊದಲ ಸಲ ಬರಿಯ ಓದುಗರಾಗಿ ಹೋಗಿ. ಸಂದರ್ಶನ, ಧ್ವನಿಮುದ್ರಣ, ಪ್ರಶ್ನಾವಳಿ ಏನೇ ಮಾಡುವುದಿದ್ದರೂ ನಿಮ್ಮ ವಿಶ್ವವಿದ್ಯಾಲಯದ ಐಆರ್‌ಬಿಗೆ (ಜನರ ಮೇಲಿನ ಸಂಶೋಧನೆಗೆ ಅನುಮತಿ ಕೊಡುವ ಮಂಡಳಿಗೆ) ಮುಂಚೆಯೇ ಅರ್ಜಿ ಹಾಕಿ. ‘ಬರೀ ಗಮನಿಸುತ್ತೇನೆ, ಅನುಮತಿ ಬೇಡ’ ಎಂದು ನೀವೇ ತೀರ್ಮಾನಿಸಬೇಡಿ, ವಿನಾಯಿತಿ ಕೊಡುವುದೂ ಆ ಮಂಡಳಿಯ ಕೆಲಸವೇ. ಕಾನ್ ನಡೆಸುವವರಿಗೆ ಪ್ರತ್ಯೇಕವಾಗಿ ಬರೆದು ಕೇಳಿ. ಬ್ಯಾಡ್ಜ್ ಮೇಲೆ ಇರುವುದು ಎಷ್ಟೋ ಸಲ ಅಭಿಮಾನಿ ವಲಯದಲ್ಲಷ್ಟೇ ಬಳಸುವ ಹೆಸರು; ಅದನ್ನು ಆ ವ್ಯಕ್ತಿಯ ನಿಜವಾದ ಹೆಸರಿಗೆ ಗಂಟುಹಾಕಿ ಬರೆದರೆ ಅವರ ನೌಕರಿಗೇ ಕುತ್ತು ಬರಬಹುದು. ಫೋಟೋ ತೆಗೆಯುವ ಮುಂಚೆ ಪ್ರತಿ ಸಲವೂ ಕೇಳಬೇಕು.

ನಿಮ್ಮ ಆಸಕ್ತಿ ಇತಿಹಾಸದ್ದಾದರೆ ಕಾನ್‌ಗಿಂತ ಸಂಗ್ರಹಾಲಯವೇ ಹೆಚ್ಚು ಕೊಡುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಕ್ಯಾಂಪಸ್ಸಿನ ಈಟನ್ ಸಂಗ್ರಹ, ಅಯೋವಾ ವಿಶ್ವವಿದ್ಯಾಲಯದ ಗ್ರಂಥಾಲಯ, ಇವುಗಳಲ್ಲಿ ಅಭಿಮಾನಿಗಳೇ ಹೊರತಂದ ಹಳೆಯ ಪತ್ರಿಕೆಗಳು (ಫ್ಯಾನ್‌ಜೀನ್‌ಗಳು) ರಾಶಿ ರಾಶಿ ಇವೆ. ಮನೆ ಹತ್ತಿರವೇ ಎಂಐಟಿಯ ಸೈನ್ಸ್ ಫಿಕ್ಷನ್ ಸೊಸೈಟಿಯ ಗ್ರಂಥಾಲಯವಿದೆ, ಹೊರಗಿನವರೂ ಸದಸ್ಯರಾಗಬಹುದು.

ಖರ್ಚಿನಲ್ಲಿ ದೊಡ್ಡ ಪಾಲು ಹೋಟೆಲಿನದು, ಸದಸ್ಯತ್ವದ್ದಲ್ಲ. ಸದಸ್ಯತ್ವ ಮುಂಚೆ ಕೊಂಡಷ್ಟೂ ಅಗ್ಗ. ವಿದ್ಯಾರ್ಥಿ ದರ, ಒಂದು ದಿನದ ದರ ಇದೆಯೇ ಕೇಳಿ. ಊರಿನಲ್ಲೇ ಇರುವುದರಿಂದ ಮನೆಯಿಂದ ಓಡಾಡಬಹುದು, ಆದರೆ ಬರ್ಲಿಂಗ್ಟನ್‌ಗೆ ರೈಲಿಲ್ಲ. ಏಲ್‌ವೈಫ್ ಮೆಟ್ರೋ ನಿಲ್ದಾಣದಿಂದ ಬಸ್ಸಿದೆ, ವಾರಾಂತ್ಯದಲ್ಲಿ ಅದೂ ವಿರಳ. ರಾತ್ರಿ ತಡವಾಗಿ ನಡೆಯುವ ಮಾತುಕತೆಗಳೇ ಎಷ್ಟೋ ಸಲ ಅತ್ಯುತ್ತಮವಾಗಿರುವುದರಿಂದ, ಕಾರಿರುವ ಜೊತೆಗಾರರನ್ನು ಹುಡುಕಿಕೊಳ್ಳಿ. ಅಭಿಮಾನಿಗಳು 5-2-1 ಎನ್ನುತ್ತಾರೆ: ದಿನಕ್ಕೆ ಐದು ತಾಸು ನಿದ್ದೆ, ಎರಡು ಊಟ, ಒಂದು ಸ್ನಾನ. ಇದು ಕನಿಷ್ಠ. ಮುಚ್ಚಿದ ಕೋಣೆಗಳಲ್ಲಿ ನೂರಾರು ಜನ ಮೂರು ದಿನ ಕೂರುವುದರಿಂದ ಕಾನ್ ಮುಗಿದ ವಾರ ನೆಗಡಿ ಜ್ವರ ಬರುವುದು ಮಾಮೂಲು, ಒಳ್ಳೆಯ ಮಾಸ್ಕ್ ಒಯ್ಯಿರಿ. ಸದಸ್ಯರಿಗೆಂದೇ ಇರುವ ಕೋಣೆಯಲ್ಲಿ ತಿಂಡಿ ಉಚಿತವಾಗಿ ಸಿಗುವುದುಂಟು, ಆದರೆ ಸಸ್ಯಾಹಾರಿಗಳು ಅದನ್ನೇ ನಂಬಿಕೊಂಡರೆ ಚಿಪ್ಸ್, ಹಣ್ಣಿನಲ್ಲೇ ದಿನ ಕಳೆಯಬೇಕಾದೀತು. ಚಪಾತಿ, ಚಟ್ನಿಪುಡಿ ಚೀಲದಲ್ಲಿರಲಿ.

ಕೊನೆಗೆ ವೀಸಾ. ಎಫ್-1 ವಿದ್ಯಾರ್ಥಿ ವೀಸಾದ ಮೇಲೆ ಕಾನ್‌ಗೆ ಹೋಗುವುದಕ್ಕೂ ಸಂಭಾವನೆಯಿಲ್ಲದೆ ಪ್ಯಾನೆಲ್‌ನಲ್ಲಿ ಕೂರುವುದಕ್ಕೂ ಅಡ್ಡಿಯಿಲ್ಲ. ಮಳಿಗೆಯಲ್ಲಿ ನಿಮ್ಮ ಚಿತ್ರ, ಕಿರುಪುಸ್ತಕ ಮಾರುವುದು ಸ್ವಂತ ವ್ಯಾಪಾರವಾಗುತ್ತದೆ, ಅದಕ್ಕೆ ಇಳಿಯಬೇಡಿ. ಸ್ವಯಂಸೇವೆಗೆ ಪ್ರತಿಯಾಗಿ ಸದಸ್ಯತ್ವದ ಹಣ ವಾಪಸು ಕೊಡುತ್ತೇವೆ ಎಂದರೆ ಒಪ್ಪುವ ಮುಂಚೆ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನು ಕೇಳಿ, ಉತ್ತರ ಬರಹದಲ್ಲಿರಲಿ. 2027ರ ವರ್ಲ್ಡ್‌ಕಾನ್ ಕೆನಡಾದ ಮಾಂಟ್ರಿಯಲ್‌ನಲ್ಲಿದೆ, ಬಾಸ್ಟನ್‌ನಿಂದ ರಸ್ತೆಯಲ್ಲೇ ಹೋಗಿಬರುವಷ್ಟು ಹತ್ತಿರ. ಭಾರತದ ಪಾಸ್‌ಪೋರ್ಟಿಗೆ ಕೆನಡಾದ ಪ್ರವಾಸಿ ವೀಸಾ ಬೇಕು, ಅದಕ್ಕೆ ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಿ. ಮರಳಿ ಬರುವಾಗ ವಿಶ್ವವಿದ್ಯಾಲಯ ಕೊಟ್ಟ ಐ-20 ಪತ್ರದ ಮೇಲೆ ಪ್ರಯಾಣದ ಸಹಿ ಹಳತಾಗಿರಬಾರದು, ಅಮೆರಿಕದ ವೀಸಾ ಮುದ್ರೆಯ ಗಡುವನ್ನೂ ಹೊರಡುವ ಮುಂಚೆಯೇ ನೋಡಿಕೊಳ್ಳಿ. ಅಷ್ಟರೊಳಗೆ ಬಾಸ್ಕೋನ್‌ಗೆ ಒಂದು ಶನಿವಾರ, ಬೇಸಿಗೆಯಲ್ಲಿ ಇಡೀ ರೀಡರ್‌ಕಾನ್, ಈ ಕ್ರಮದಲ್ಲಿ ಶುರುಮಾಡಿ.