ಇಯರ್‌ಫೋನ್ ಹಾಕಿಕೊಂಡ ಹುಡುಗಿ

"ಮಗಳು ಇಡೀ ದಿನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿರ್ತಾಳೆ ಮೇಡಂ. ಕರೆದರೆ ಓಗೊಡೋದಿಲ್ಲ. ಮೊಬೈಲ್ ಚಟ ಹತ್ತಿಬಿಟ್ಟಿದೆ."

2020ರಿಂದ ಈ ಮಾತನ್ನು ನನ್ನ ಹತ್ತಿರ ಆಪ್ತಸಲಹೆಗೆ ಬರುವ ಎಷ್ಟು ತಾಯಂದಿರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಹೋದ ತಿಂಗಳು ಮುಂಬೈ ಪಕ್ಕದ ಠಾಣೆ ನಗರದಿಂದ ಬಂದಿದ್ದ ಗಂಡ ಹೆಂಡತಿಯೂ ಇದನ್ನೇ ಹೇಳಿದರು. ಹೀಗೆ ಕೇಳಿದಾಗಲೆಲ್ಲ ನನಗೆ ಒಬ್ಬಳೇ ಹುಡುಗಿ ನೆನಪಾಗುತ್ತಾಳೆ. ಅವಳಿಗೆ ಆಗ 11 ವರ್ಷ, ಆರನೇ ಕ್ಲಾಸು. ಈಗ ಕಾಲೇಜಿಗೆ ಹೋಗುತ್ತಾಳೆ. "ಬರೀರಿ ಆಂಟಿ, ಹೆಸರು ಮಾತ್ರ ಹಾಕಬೇಡಿ" ಎಂದು ಅವಳೇ ಒಪ್ಪಿದ ಮೇಲೆ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಅವಳನ್ನು ಇಲ್ಲಿ ಶ್ರಾವ್ಯ ಎನ್ನೋಣ.

ಮನೆ ಮುಂಬೈಯ ಮುಲುಂಡ್, ಭಾಂಡುಪ್ ಕಡೆ ಅಂದುಕೊಳ್ಳಿ. ಎಸ್‌ಆರ್‌ಎ, ಅಂದರೆ ಜೋಪಡಿ ತೆಗೆದು ಅಲ್ಲಿದ್ದವರಿಗೆ ಕಟ್ಟಿಕೊಡುವ ಬಿಲ್ಡಿಂಗಿನ 269 ಚದರ ಅಡಿ. ಅಷ್ಟರಲ್ಲಿ ಅಡುಗೆಮನೆ, ಬಾತ್‌ರೂಮು, ಅಪ್ಪ, ಅಮ್ಮ, ಶ್ರಾವ್ಯ, ನಾಲ್ಕು ವರ್ಷದ ತಮ್ಮ. ಅಪ್ಪ ಉಡುಪಿ ಕಡೆಯವರು, ದಕ್ಷಿಣ ಮುಂಬೈಯ ಫೋರ್ಟ್‌ನ ಒಂದು ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದವರು. ಮಾರ್ಚ್ 2020ರಲ್ಲಿ ಹೋಟೆಲು ಮುಚ್ಚಿತು, ಲೋಕಲ್ ರೈಲೂ ನಿಂತಿತು. ಅಮ್ಮ ಪಾಲಿಕೆಯ ಆಸ್ಪತ್ರೆಯೊಂದರಲ್ಲಿ ಗುತ್ತಿಗೆಯ ಮೇಲೆ ಲ್ಯಾಬ್ ಟೆಕ್ನಿಷಿಯನ್. ಜೂನ್ 15ರಿಂದ ಅಗತ್ಯ ಸೇವೆಯವರಿಗೆ ಅಂತ ಲೋಕಲ್ ಶುರುವಾಯಿತಲ್ಲ, ಅದರಲ್ಲಿ ದಿನವೂ ಹೋಗಿ ಬರುತ್ತಿದ್ದರು. ಇಪ್ಪತ್ತು ವರ್ಷ ದುಡಿದ ಗಂಡಸು ಮನೆಯಲ್ಲಿ, ಹೆಂಡತಿ ಸೋಂಕಿನ ನಡುವೆ. ಇಬ್ಬರಿಗೂ ನಿದ್ದೆಯಿಲ್ಲ. ಜಗಳಕ್ಕೆ ಬೇರೆ ಕಾರಣವೇ ಬೇಕಿರಲಿಲ್ಲ.

ಮನೆಯಲ್ಲಿದ್ದ ಸ್ಮಾರ್ಟ್‌ಫೋನ್ ಎರಡು. ಅಮ್ಮನದು ಅವರ ಜೊತೆ ಆಸ್ಪತ್ರೆಗೆ ಹೋಗುತ್ತಿತ್ತು. ಹಾಗಾಗಿ ಆನ್‌ಲೈನ್ ಕ್ಲಾಸು ಅಪ್ಪನ ಫೋನಿನಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ.

ಆ ವರ್ಷ ನಾನು ಫೋನಿನಲ್ಲೇ ಕನ್ನಡದಲ್ಲಿ ಆಪ್ತಸಲಹೆ ಮಾಡುತ್ತಿದ್ದೆ. ಡಿಸೆಂಬರಿನಲ್ಲಿ ಶ್ರಾವ್ಯಳ ಅಮ್ಮ ಕರೆ ಮಾಡಿದರು. ದೂರು ಒಂದೇ, ಇಯರ್‌ಫೋನ್. ಕ್ಲಾಸು ಮುಗಿದರೂ ತೆಗೆಯುವುದಿಲ್ಲ, ಊಟಕ್ಕೆ ಕೂತಾಗಲೂ ಕಿವಿಯಲ್ಲೇ. ಕಿತ್ತುಕೊಂಡರೆ ಅಳುತ್ತಾಳೆ. "ಕಿತ್ತಿಟ್ಟುಬಿಡ್ಲಾ ಮೇಡಂ? ನೀವು ಹೂಂ ಅಂದ್ರೆ ಇವತ್ತೇ ಕಪಾಟಿಗೆ ಹಾಕ್ತೇನೆ." ಎರಡು ದಿನ ತಡೆಯಿರಿ, ಮೊದಲು ಮಗು ಜೊತೆ ಮಾತಾಡುತ್ತೇನೆ ಎಂದೆ.

ಆದರೆ ಒಂದು ಕೋಣೆಯ ಮನೆಯಲ್ಲಿ ಮಗು ನನ್ನ ಜೊತೆ ಏನು ಮಾತಾಡೀತು? ಅಪ್ಪ ಎರಡಡಿ ದೂರದಲ್ಲೇ ಕೂತಿರುತ್ತಾರೆ. ಅಂಥ ಮಕ್ಕಳಿಗೆ ನಾನು ಹೌದು, ಇಲ್ಲ ಅಂತ ಉತ್ತರಿಸಬಹುದಾದ ಪ್ರಶ್ನೆಗಳನ್ನೇ ಕೇಳುತ್ತಿದ್ದೆ. ಇಲ್ಲವೇ, ಹೆದರಿಕೆ ಒಂದರಿಂದ ಹತ್ತರೊಳಗೆ ಎಷ್ಟು, ಬರೀ ಸಂಖ್ಯೆ ಹೇಳು ಸಾಕು ಎನ್ನುತ್ತಿದ್ದೆ. ಪಕ್ಕದಲ್ಲಿದ್ದವರಿಗೆ ಅರ್ಥವಾಗುವುದಿಲ್ಲ. ಶ್ರಾವ್ಯ ಮೊದಲ ದಿನ "ಎಂಟು" ಎಂದಳು. ಅಷ್ಟೇ. ಮುಂದಕ್ಕೆ ಒಂದು ಮಾತೂ ಇಲ್ಲ.

ಎಂಟು ಸಣ್ಣ ಸಂಖ್ಯೆಯಲ್ಲ. ಟೆರೇಸ್‌ಗೆ ಕಳಿಸಲು ಸಾಧ್ಯವೇ ಎಂದು ಅಮ್ಮನನ್ನು ಕೇಳಿದೆ. ಕೊರೋನಾ ಅಂತ ಬಿಲ್ಡಿಂಗಿನ ಸೊಸೈಟಿಯವರು ಟೆರೇಸ್‌ಗೆ ಬೀಗ ಹಾಕಿದ್ದರು. ಅಮ್ಮ ಸೆಕ್ರೆಟರಿಯ ಮನೆಗೆ ಎರಡು ಸಲ ಹೋಗಿ, ಹಪ್ಪಳ ಒಣಗಿಸಬೇಕು ಅಂತ ಹೇಳಿ ಭಾನುವಾರ ಒಂದು ಗಂಟೆಗೆ ಕೀಲಿಕೈ ತಂದರು. ಆ ಒಂದು ಗಂಟೆ ಸಿಗದೇ ಹೋಗಿದ್ದರೆ ನಾನೂ "ದಿನಕ್ಕೆ ಅರ್ಧ ಗಂಟೆ ಮಾತ್ರ ಮೊಬೈಲ್ ಕೊಡಿ" ಎಂದು ಹೇಳಿ ಫೈಲು ಮುಚ್ಚುತ್ತಿದ್ದೆನೇನೋ.

ಫೋನಿನಲ್ಲಿ ಗಾಳಿ ಬೀಸುವ ಸದ್ದು, ಹಿಂದೆ ನೀರಿನ ಟ್ಯಾಂಕ್ ತುಂಬುವ ಸದ್ದು. ಅವಳು ಟ್ಯಾಂಕಿನ ನೆರಳಲ್ಲಿ ಕೂತಿದ್ದಳಂತೆ. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ ಕೇಳಿದೆ, "ಇಯರ್‌ಫೋನಲ್ಲಿ ಏನು ಕೇಳ್ತೀಯ ಪುಟ್ಟಾ? ಹಾಡಾ?"

"ಎಂತದೂ ಇರುದಿಲ್ಲ ಆಂಟಿ."

"ಎಂತದೂ ಇಲ್ವಾ?"

"ಇಲ್ಲ. ವಯರ್ ಮೊಬೈಲಿಗೆ ಹಾಕಿರುದೂ ಇಲ್ಲ ಕೆಲವು ಸಲ. ಅಂಗಿ ಜೇಬಲ್ಲಿ ಇಟ್ಕೊಳ್ತೇನೆ."

ನನಗೆ ಗೊತ್ತಾಯಿತು ಅಂದುಕೊಂಡೆ. ಜಗಳದ ಮನೆ, ಬಾಗಿಲು ಹಾಕಿಕೊಳ್ಳಲು ಇನ್ನೊಂದು ಕೋಣೆಯಿಲ್ಲ, ಹುಡುಗಿ ಕಿವಿ ಮುಚ್ಚಿಕೊಳ್ಳುತ್ತಿದ್ದಾಳೆ. ನೋಟ್‌ಬುಕ್ಕಿನಲ್ಲಿ ಹಾಗಂತ ಬರೆದೂ ಬಿಟ್ಟೆ. "ಅಪ್ಪ ಅಮ್ಮನ ಮಾತು ಕೇಳಬಾರದು ಅಂತ ಹಾಕ್ಕೊಳ್ತೀಯಾ?" ಎಂದೆ.

"ಅಲ್ಲ ಆಂಟಿ. ಕೇಳ್ಬೇಕು ಅಂತ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಆ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ. "ನಾನು ಹಾಕ್ಕೊಂಡ್ರೆ ಪಪ್ಪ ಅಮ್ಮ ಸರಿಯಾಗಿ ಮಾತಾಡ್ತಾರೆ, ಇವಳಿಗೆ ಕೇಳುದಿಲ್ಲ ಅಂತ. ತೆಗೆದಿಟ್ರೆ ಮೆಲ್ಲ ಮಾತಾಡ್ತಾರೆ. ಮೆಲ್ಲ ಮಾತಾಡಿದ್ರೆ ನಂಗೆ ಜಾಸ್ತಿ ಹೆದ್ರಿಕೆ ಆಗ್ತದೆ."

ಅಮ್ಮ ರಾತ್ರಿ ಎಂಟಕ್ಕೆ ಬರುತ್ತಾರೆ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಯಾರನ್ನೂ ಮುಟ್ಟದೆ ಸೀದಾ ಬಾತ್‌ರೂಮಿಗೆ ಹೋಗುತ್ತಾರೆ. ಬಟ್ಟೆ ನೆನೆಹಾಕಿದ ಬಕೆಟ್ಟನ್ನು ಮೂಲೆಗೆ ಸರಿಸಿದ ಸದ್ದು ಬಂದರೆ ಸ್ನಾನ ಮುಗಿಯಿತು ಎಂದು ಅರ್ಥ. ಆ ಸದ್ದು ಕೇಳಿದ ಕೂಡಲೇ ಶ್ರಾವ್ಯ ಇಯರ್‌ಫೋನ್ ಹಾಕಿಕೊಂಡು ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಮಾತು ಶುರುವಾಗುವುದು ಆಗಲೇ.

ಕೇಳಿಸಿಕೊಂಡಿದ್ದು ಏನು? "ಊರಿಗೆ", "ಒಂದು ಹೊಟ್ಟೆ ಕಡಿಮೆ ಆಗ್ತದೆ", "ಫೀಸು", "ಸರ". ಇದಿಷ್ಟನ್ನು ಜೋಡಿಸಿ ಅವಳು ಕಟ್ಟಿಕೊಂಡ ಕತೆ ಇದು: ನನ್ನನ್ನು ಊರಿಗೆ, ಅಜ್ಜಿ ಮನೆಗೆ ಕಳಿಸಿಬಿಡುತ್ತಾರೆ. ತಮ್ಮ ಸಣ್ಣವನು, ಅವನನ್ನು ಕಳಿಸುವುದಿಲ್ಲ. ಫೀಸಿರುವುದು ನನಗೆ. ತಪ್ಪೂ ನನ್ನದೇ.

ತಪ್ಪು ಯಾವುದು? ಅದನ್ನು ಹೇಳುವಾಗ ಅವಳ ದನಿ ಇಳಿಯಿತು. ಅಕ್ಟೋಬರಿನಲ್ಲಿ ಹೋಟೆಲುಗಳು ತೆರೆದಾಗ, ಒಂದು ದಿನ ಗಣಿತದ ಕ್ಲಾಸು ನಡೆಯುತ್ತಿತ್ತು. ಅಪ್ಪನ ಫೋನಿಗೆ ಧಣಿಯ ಕರೆ ಬಂತು. ಟೀಚರ್ ಪ್ರಶ್ನೆ ಕೇಳುತ್ತಿದ್ದರು, ಇವಳು ಕರೆ ಕಟ್ ಮಾಡಿದಳು. ಅಪ್ಪನಿಗೆ ಹೇಳಲಿಲ್ಲ. "ಆಮೇಲೆ ಪಪ್ಪನನ್ನು ಕೆಲಸಕ್ಕೆ ಕರೀಲೇ ಇಲ್ಲ. ನಾನು ಕಟ್ ಮಾಡಿದ್ದಕ್ಕೆ ಅಲ್ವಾ?"

ಎರಡು ತಿಂಗಳು ಈ ಮಗು ಇದನ್ನು ಒಬ್ಬಳೇ ಹೊತ್ತುಕೊಂಡಿತ್ತು. 269 ಚದರ ಅಡಿಯಲ್ಲಿ, ಎಲ್ಲರ ಕಣ್ಣೆದುರೇ.

ಅಪ್ಪ ಅಮ್ಮನ ಜೊತೆ ಯಾವುದನ್ನು ಮಾತಾಡಲಿ, ಯಾವುದು ಬೇಡ ಎಂದು ಕೇಳಿದೆ. ಮಕ್ಕಳನ್ನು ಇದನ್ನು ಕೇಳಲೇಬೇಕು. ಕಟ್ ಮಾಡಿದ ಕರೆಯ ವಿಷಯ ಹೇಳಬಹುದು ಎಂದಳು. ಇಯರ್‌ಫೋನಿನದು ಬೇಡ. "ಗೊತ್ತಾದ್ರೆ ಅವರು ಮತ್ತೆ ಮೆಲ್ಲ ಮಾತಾಡ್ತಾರೆ." ಆಗಲಿ ಎಂದು ಮಾತು ಕೊಟ್ಟೆ.

ಹಾಗಾಗಿ ನನ್ನ ಸಲಹೆಯನ್ನು ಕಾರಣ ಹೇಳದೆಯೇ ಕೊಡಬೇಕಾಯಿತು. ಇಯರ್‌ಫೋನ್ ಕಿತ್ತುಕೊಳ್ಳಬೇಡಿ ಎಂದೆ. ಭಾನುವಾರ ಮಗಳನ್ನು ಕೂರಿಸಿಕೊಂಡು ಮನೆಯ ಲೆಕ್ಕ ಹೇಳಿ ಎಂದೆ. ಎಷ್ಟು ಬರುತ್ತಿದೆ, ಎಷ್ಟು ಸಾಲವಿದೆ, ಫೀಸು ಎಲ್ಲಿಯವರೆಗೆ ಕಟ್ಟಿದೆ, ಏನು ತೀರ್ಮಾನವಾಗಿದೆ, ಏನು ಇನ್ನೂ ಆಗಿಲ್ಲ.

ಅಪ್ಪನಿಗೆ ಸಿಟ್ಟು ಬಂತು. "ಮಕ್ಕಳ ಎದುರು ದುಡ್ಡಿನ ಮಾತು ಆಡ್ಲಿಕ್ಕುಂಟಾ ಮೇಡಂ? ನನ್ನ ಅಪ್ಪ ಯಾವತ್ತಾದ್ರೂ ನಮ್ಗೆ ಹೇಳಿದ್ದುಂಟಾ? ಆ ಮಗುವಿನ ತಲೆಗೆ ಯಾಕೆ ಇದೆಲ್ಲ?" ನನ್ನ ಜೊತೆ ಕೆಲಸ ಮಾಡುವ ಒಬ್ಬರೂ ಆಮೇಲೆ ಇದನ್ನೇ ಕೇಳಿದರು, ಮಗುವಿನ ಮೇಲೆ ಭಾರ ಹಾಕಿದಂತಾಗಲಿಲ್ಲವಾ ಎಂದು. ಇಬ್ಬರಿಗೂ ನನ್ನ ಉತ್ತರ ಒಂದೇ. ಭಾರ ಆಗಲೇ ಅವಳ ತಲೆಯ ಮೇಲಿತ್ತು. ಅದರ ತೂಕ ಎಷ್ಟು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಸಣ್ಣ ಮನೆಯಲ್ಲಿ ಮಕ್ಕಳಿಗೆ ಕೇಳಿಸದ ಮಾತು ಅಂತ ಯಾವುದೂ ಇಲ್ಲ. ಅವರು ಅರ್ಧ ಕೇಳಿಸಿಕೊಳ್ಳುತ್ತಾರೆ, ಉಳಿದರ್ಧವನ್ನು ತಾವೇ ತುಂಬಿಕೊಳ್ಳುತ್ತಾರೆ, ಮತ್ತೆ ಯಾವಾಗಲೂ ತಮ್ಮದೇ ತಪ್ಪು ಎನ್ನುವ ಹಾಗೆ ತುಂಬಿಕೊಳ್ಳುತ್ತಾರೆ. ನಾನು ಇಷ್ಟು ವರ್ಷದಲ್ಲಿ ನೋಡಿದ್ದು ಇದನ್ನೇ.

ಅಪ್ಪ ಒಪ್ಪಲಿಲ್ಲ. ಆಗ ಅವರನ್ನು ಬೇರೆಯೇ ಒಂದು ಮಾತು ಕೇಳಿದೆ. "ನೀವು ಮುಂಬೈಗೆ ಬಂದಾಗ ಎಷ್ಟು ವಯಸ್ಸು?"

"ಹದಿಮೂರು."

"ಹೇಗೆ ಬಂದ್ರಿ?"

"ಬಸ್ಸಲ್ಲಿ. ಆಗ ಕೊಂಕಣ ರೈಲು ಎಲ್ಲಿತ್ತು. ಊರಿನ ಒಬ್ಬರು ಹೋಟೆಲಿಗೆ ಹುಡುಗರನ್ನು ಕರ್ಕೊಂಡು ಬರ್ತಿದ್ರು. ಹಗಲು ಟೇಬಲ್ ಒರೆಸುದು, ಸಂಜೆ ಕನ್ನಡ ರಾತ್ರಿ ಶಾಲೆ."

"ಹೋಗ್ಬೇಕು ಅಂತ ಅಪ್ಪ ನಿಮಗೆ ಯಾವಾಗ ಹೇಳಿದ್ರು?"

ತುಂಬಾ ಹೊತ್ತು ಮಾತಿಲ್ಲ. ಕರೆ ಕಟ್ ಆಯಿತೇನೋ ಅಂದುಕೊಂಡೆ. ಆಮೇಲೆ ಅವರು, "ಹೇಳ್ಲಿಲ್ಲ. ಪೇಟೆಗೆ ಹೋಗುವ ಅಂದ್ರು. ಬಸ್ಸು ಹತ್ತಿಸಿದ ಮೇಲೆ ಗೊತ್ತಾಯ್ತು" ಎಂದರು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, "ಭಾನುವಾರ ಹೇಳ್ತೇನೆ" ಎಂದರು.

ಹೇಳಿದರು. ಗಲ್ಲಾದಲ್ಲಿ ಕೂತವರಲ್ಲವಾ, ಹಳೇ ಕ್ಯಾಲೆಂಡರಿನ ಹಾಳೆಯ ಹಿಂದೆ ಎರಡು ಕಾಲಂ ಎಳೆದು ಬರೆದರಂತೆ. ಒಂದು ಕಡೆ ಜಮಾ, ಒಂದು ಕಡೆ ಖರ್ಚು. ಊರಿಗೆ ಹೋಗುವ ಮಾತು ಅವರದೇ ಆಗಿತ್ತು. ತಾನು ಹೋಗಿ, ಹೆಂಡತಿಯ ಸರ ಅಡವಿಟ್ಟು ಒಂದು ಸಣ್ಣ ಕ್ಯಾಂಟೀನ್ ಇಡುವುದು, ಇಲ್ಲಿ ಒಂದು ಹೊಟ್ಟೆ ಕಡಿಮೆಯಾಗುತ್ತದೆ ಎಂದು. ಮಗಳು ಕರೆ ಕಟ್ ಮಾಡಿದ ದಿನವೇ ಸಂಜೆ ಧಣಿ ಮತ್ತೆ ಫೋನ್ ಮಾಡಿದ್ದರು. ಸರಕಾರ ಅರ್ಧ ಗಿರಾಕಿಗಳನ್ನು ಮಾತ್ರ ಕೂರಿಸಬೇಕು ಎಂದಿತ್ತು, ಹಾಗಾಗಿ ಅರ್ಧ ಕೆಲಸದವರು ಸಾಕು, ಅದರಲ್ಲೂ ಹೋಟೆಲಿನಲ್ಲೇ ಉಳಿದುಕೊಂಡವರು ಸಾಕು ಎಂದಿದ್ದರು. ಇವರು ಲೋಕಲ್ ಹತ್ತುವಂತಿರಲಿಲ್ಲ. ಮಗಳು ಕಟ್ ಮಾಡಿದ ಕರೆಗೂ ಇದಕ್ಕೂ ಸಂಬಂಧವೇ ಇಲ್ಲ. ಅಪ್ಪ ಕಾಲ್ ಲಿಸ್ಟ್ ತೆರೆದು ಧಣಿಯ ಎರಡನೇ ಕರೆಯನ್ನು ತೋರಿಸಿದರಂತೆ. ಶ್ರಾವ್ಯ ಬೆರಳಿಟ್ಟು ಸಮಯ ಓದಿದಳಂತೆ.

ಲೆಕ್ಕ ಹೇಳಿ ಎಂದ ಕೂಡಲೇ ಎಲ್ಲವನ್ನೂ ಮಕ್ಕಳ ಎದುರು ಸುರಿಯಬೇಡಿ. ನಿನ್ನಪ್ಪ ಹೀಗೆ, ನಿನ್ನಮ್ಮ ಹಾಗೆ ಅನ್ನುವುದು ಲೆಕ್ಕವಲ್ಲ. ಮಗುವನ್ನು ನಡುವೆ ನಿಲ್ಲಿಸಿ ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಿಸುವುದು ಬೇಡವೇ ಬೇಡ. ಕೊನೆಯಲ್ಲಿ ಒಂದು ಮಾತು ಸೇರಿಸಲೇಬೇಕು: ಇದನ್ನು ಸರಿ ಮಾಡುವುದು ದೊಡ್ಡವರ ಕೆಲಸ, ನೀನು ಏನೂ ಮಾಡಬೇಕಾಗಿಲ್ಲ. ಇನ್ನೂ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಹೇಳಿ. ಎಲ್ಲ ಸರಿಹೋಗುತ್ತದೆ ಎಂದು ಸುಮ್ನೆ ಹೇಳಿದರೆ ಹನ್ನೊಂದು ವರ್ಷದ ಮಗು ನಂಬುವುದಿಲ್ಲ, ನಿಮ್ಮ ಮುಖ ನೋಡುತ್ತದೆ.

ಇಯರ್‌ಫೋನ್ ಹಾಕಿಕೊಂಡ ಮಕ್ಕಳೆಲ್ಲ ಶ್ರಾವ್ಯ ಅಲ್ಲ, ಒಪ್ಪುತ್ತೇನೆ. ನಿಜವಾಗಿ ಗೇಮ್ ಬಿಡಲಾಗದ ಮಕ್ಕಳೂ ಬರುತ್ತಾರೆ. ಆದರೆ ಕಿತ್ತುಕೊಳ್ಳುವ ಮೊದಲು ಆ ಮಗುವಿಗೆ ಬೇರೆ ಯಾರ ಕಿವಿಯೂ ಇಲ್ಲದ ಒಂದು ಗಂಟೆ ಕೊಡಿ, ಟೆರೇಸೋ, ಮೆಟ್ಟಿಲೋ, ಸಂಜೆ ತರಕಾರಿಗೆ ಹೋಗುವ ದಾರಿಯೋ. ಊಟ, ನಿದ್ದೆ ಬಿಟ್ಟಿದ್ದರೆ, ಸಾಯಬೇಕು ಅನ್ನುವಂಥ ಮಾತು ಬಂದರೆ ಕಾಯಬೇಡಿ, ವೈದ್ಯರ ಹತ್ತಿರ ಹೋಗಿ. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗಲೂ ಮಾತಾಡಬಹುದು. ನಮಗೆ ಆಗ ಅದು ಇರಲಿಲ್ಲ.

2021ರ ಫೆಬ್ರವರಿ 1ರಿಂದ ಎಲ್ಲರಿಗೂ ಲೋಕಲ್ ಬಿಟ್ಟರು, ಬೆಳಿಗ್ಗೆ ಏಳರ ಮೊದಲು, ಮಧ್ಯಾಹ್ನ 12ರಿಂದ 4, ರಾತ್ರಿ ಒಂಬತ್ತರ ನಂತರ. ಅಪ್ಪನಿಗೆ ಕೆಲಸ ಮತ್ತೆ ಸಿಕ್ಕಿತು. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುತ್ತಿದ್ದರು. ಏಪ್ರಿಲಿನಲ್ಲಿ ಅದೂ ನಿಂತಿತು. ಅದು ನಿಂತ ಮೇಲಿನ ಭಾನುವಾರ ಲೆಕ್ಕಕ್ಕೆ ಅಂತ ಕ್ಯಾಲೆಂಡರ್ ಹಾಳೆ ತಂದು ಕೊಟ್ಟವಳು ಶ್ರಾವ್ಯಳೇ ಅಂತೆ. ಜಗಳ ನಿಂತಿತು ಎಂದು ನಾನು ಹೇಳುವುದಿಲ್ಲ, ನಿಲ್ಲಲಿಲ್ಲ. ಇಯರ್‌ಫೋನ್ ಯಾವಾಗ ಬಿಟ್ಟಳು ಎಂದು ಅಮ್ಮನಿಗೂ ನೆನಪಿಲ್ಲ.

ಮುಂಬೈಯಲ್ಲಿ ಒಂದರಿಂದ ಏಳನೇ ಕ್ಲಾಸಿನವರಿಗೆ ಶಾಲೆ ತೆರೆದಿದ್ದು 2021ರ ಡಿಸೆಂಬರ್ 15ಕ್ಕೆ. ಅದರ ಹಿಂದಿನ ರಾತ್ರಿ ಅಮ್ಮನ ಫೋನ್ ಬಂತು. ಮೊಳೆಗೆ ನೇತುಹಾಕಿದ್ದ ಸ್ಕೂಲ್ ಬ್ಯಾಗನ್ನು ಒರೆಸೋಣ ಅಂತ ಇಳಿಸಿದರೆ, ತಳದಲ್ಲಿ ಮಡಿಸಿಟ್ಟ ಎರಡು ಫ್ರಾಕು, ಒಂದು ಟವೆಲು, ಒಂದು ಹಲ್ಲುಜ್ಜುವ ಬ್ರಷ್. ಮಗಳನ್ನು ಕೇಳಿದರೆ "ಅದಾ, ಆಗ ಇಟ್ಟದ್ದು" ಎಂದು ಹೇಳಿ ಪುಸ್ತಕಕ್ಕೆ ಬೈಂಡ್ ಹಾಕಲು ಹೋದಳಂತೆ. ಫ್ರಾಕುಗಳು ಈಗ ಅವಳ ಮೊಣಕಾಲಿಗೂ ಬರುವುದಿಲ್ಲ.

"ಎಂತ ಮಾಡ್ಲಿ ಮೇಡಂ?" ಎಂದು ಅಮ್ಮ ಅಳುತ್ತಿದ್ದರು.

"ಒಗೆದು ಕೆಳಗಿನ ಮನೆಯ ಮಗುವಿಗೆ ಕೊಟ್ಟುಬಿಡಿ" ಎಂದೆ. "ಇವತ್ತು ಅವಳನ್ನು ಇನ್ನೇನೂ ಕೇಳಬೇಡಿ. ನಾಳೆ ಟಿಫಿನ್‌ಗೆ ಏನು ಬೇಕು ಅಂತ ಮಾತ್ರ ಕೇಳಿ."