ಸಹೋದ್ಯೋಗಿಗಳ ಜೊತೆ ಕೂತು ಊಟ ಮಾಡಲೇಬೇಕಾ?

"ಮಧ್ಯಾಹ್ನ ಎಲ್ಲರ ಜೊತೆ ಊಟಕ್ಕೆ ಕೂರಬೇಕಾ ಮೇಡಂ? ಕೂರದೇ ಇದ್ದರೆ ತಪ್ಪಾ?"

ಈ ಪ್ರಶ್ನೆ ಹೊತ್ತುಕೊಂಡು ಬರುವವರು ಈಗೀಗ ಜಾಸ್ತಿಯಾಗಿದ್ದಾರೆ. ನೇರವಾಗಿ ಕೇಳುವುದಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ದುಡ್ಡು ಕೊಟ್ಟು ಸಲಹೆ ಕೇಳುವುದಾ ಅಂತ ನಾಚಿಕೆ. ನಿದ್ದೆ ಬರ್ತಿಲ್ಲ, ಕೆಲಸದಲ್ಲಿ ಮನಸ್ಸಿಲ್ಲ, ಅಪ್ರೈಸಲ್ ಚೆನ್ನಾಗಿ ಬರಲಿಲ್ಲ ಅಂತ ಶುರು ಮಾಡುತ್ತಾರೆ. ಊಟದ ಟೇಬಲ್ಲಿನ ಮಾತು ಬರುವುದು ಆಮೇಲೆ.

ಅಂಥವರಲ್ಲಿ ಒಬ್ಬರ ವಿಷಯ ಇಲ್ಲಿ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಇದೆ. ಗುರುತು ಸಿಗಬಾರದು ಅಂತ ವಯಸ್ಸು, ಊರು, ಕೆಲಸದ ವಿವರ ಬದಲಾಯಿಸಿದ್ದೇನೆ.

ನಲವತ್ತರ ಆಸುಪಾಸಿನ ಗಂಡಸು. ಹಾಸನದ ಕಡೆಯವರು. ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಕೆಲಸ. ಎದೆಯುರಿ, ಅಸಿಡಿಟಿ ಅಂತ ಡಾಕ್ಟರ್ ಹತ್ತಿರ ಹೋಗಿದ್ದರು. ಮಾತ್ರೆ ಬರೆದುಕೊಟ್ಟ ಡಾಕ್ಟರು ಮಧ್ಯಾಹ್ನದ ಊಟ ಬಿಡಲೇಬೇಡಿ ಅಂದಿದ್ದರು. ಆದರೂ ಇವರು ಬಿಡುತ್ತಲೇ ಇದ್ದರು. "ಹಸಿವಾಗುತ್ತೆ, ಆದ್ರೆ ತಿನ್ನಲ್ಲ" ಅಂದ ಮೇಲೆ ಆ ಡಾಕ್ಟರೇ ನನ್ನ ಹತ್ತಿರ ಕಳಿಸಿದರು.

ಮೊದಲ ಭೇಟಿಗಳಲ್ಲಿ ಇವರು ಮಾತಾಡಿದ್ದು ಸೆಕ್ಷನ್ ಹೆಡ್ ಬಗ್ಗೆ. "ಎಲ್ಲರ ಜೊತೆ ಸೇರ್ಕೊಳ್ರಿ, ಊಟದ ಹೊತ್ನಲ್ಲಿ ಒಬ್ರೇ ಎಲ್ಲೋ ಹೋಗ್ತೀರಿ, ಜನ ಏನಂತಾರೆ ಅಂತ ಹೇಳ್ತಾರೆ ಮೇಡಂ. ಅಪ್ರೈಸಲ್ಲಲ್ಲೂ ಅದನ್ನೇ ಬರೆದ್ರು. ಊಟಕ್ಕೂ ಲೆಕ್ಕಪತ್ರಕ್ಕೂ ಏನು ಸಂಬಂಧ?" ನಾನೂ ಅದನ್ನೇ ಕೇಳುವವಳು. ಯಾಕೆ ಸೇರುವುದಿಲ್ಲ ಅಂದರೆ ಕಾರಣಗಳು ಸಾಲಾಗಿ ಬಂದವು. ಡಯಟ್ ಮಾಡ್ತಿದ್ದೀನಿ. ಅವರು ಬರೀ ಸೈಟು, ಸಾಲ, ಯಾರ ಮೇಲೋ ಚಾಡಿ. ಗಲಾಟೆ ಆಗಲ್ಲ. ಯಾವುದೂ ಸುಳ್ಳು ಅನ್ನುವಂತಿರಲಿಲ್ಲ. ಆದರೆ ಗಲಾಟೆ ಆಗದವರು ಒಬ್ಬರೇ ಕೂತು ಉಣ್ಣುತ್ತಾರೆ. ಇವರು ಉಣ್ಣುತ್ತಲೇ ಇರಲಿಲ್ಲವಲ್ಲ.

ಒಂದು ಸಂಜೆ ಕಂಪನಿಯಿಂದ ನೇರವಾಗಿ ಬಂದರು. ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಬೇರೆಯಾಗಿ ಊಟದ ಚೀಲ. ಚೀಲದಿಂದ ಸ್ಟೀಲ್ ಕ್ಯಾರಿಯರ್ರಿನ ಹಿಡಿ ಕಾಣುತ್ತಿತ್ತು. ಮಧ್ಯಾಹ್ನ ಊಟ ಬಿಡುವವರ ಕೈಯಲ್ಲಿ ಡಬ್ಬಿ ಯಾಕೆ ಅಂತ ಅನ್ನಿಸಿತು. ಕೇಳಿದೆ: "ಇವತ್ತು ಏನು ತಂದಿದ್ರಿ ಊಟಕ್ಕೆ?"

ಅವರು ಚೀಲವನ್ನು ಕಾಲಿನ ಪಕ್ಕಕ್ಕೆ ಸರಿಸಿದರು. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು. "ಖಾಲಿ ಡಬ್ಬಿ ಮೇಡಂ. ಬೆಳಗ್ಗೆ ಖಾಲಿನೇ ತಗೊಂಡು ಹೋಗ್ತೀನಿ. ಸಂಜೆ ಖಾಲಿನೇ ತರ್ತೀನಿ."

"ಮತ್ತೆ ಯಾಕೆ ತಗೊಂಡು ಹೋಗ್ತೀರಿ?"

"ಕೈಯಲ್ಲಿ ಚೀಲ ಇಲ್ಲಾಂದ್ರೆ ಗೇಟಲ್ಲೇ ಕೇಳ್ತಾರೆ."

ಅಲ್ಲಿಂದ ಮುಂದೆ ನಾನು ಹೆಚ್ಚು ಕೇಳಬೇಕಾಗಿ ಬರಲಿಲ್ಲ.

ಇವರ ಹೆಂಡತಿ ಕಟ್ಟಿಕೊಡುತ್ತಿದ್ದ ಬುತ್ತಿ ಆ ಟೇಬಲ್ಲಿನಲ್ಲಿ ಹೆಸರುವಾಸಿ. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಬಸ್ಸಾರು. ಮುಚ್ಚಳಕ್ಕೆ ಹಾಕಿ ಟೇಬಲ್ ತುಂಬ ಕೈ ದಾಟಿಸುತ್ತಿದ್ದರು. ವಾಪಸ್ ಬರುವಷ್ಟರಲ್ಲಿ ಚಟ್ನಿ ಮುಗಿದಿರುತ್ತಿತ್ತು. ಆಮೇಲೆ ಆಕೆ ಮಗಳನ್ನು ಕರೆದುಕೊಂಡು ತವರಿಗೆ ಹೋದರು. ಕೌಟುಂಬಿಕ ನ್ಯಾಯಾಲಯದಲ್ಲಿ ಕೇಸು ನಡೆಯುತ್ತಿದೆ. ಯಾರು ಸರಿ, ಯಾರು ತಪ್ಪು ಅನ್ನುವುದು ಈ ಬರಹಕ್ಕೆ ಬೇಡ. ಆಕೆಯ ಮಾತು ನಾನು ಕೇಳಿಲ್ಲ.

ಇವರು ಕಂಪನಿಯಲ್ಲಿ ಯಾರಿಗೂ ಹೇಳಲಿಲ್ಲ. "ಮನೇಲಿ ಹುಷಾರಿಲ್ಲ" ಅಂತ ಕೆಲವು ದಿನ ದೂಡಿದರು. ಅದು ಮುಗಿದ ಮೇಲೆ ಬೆಳಗ್ಗೆ ದರ್ಶಿನಿಯಿಂದ ಪಾರ್ಸೆಲ್ ತಂದು, ಮನೆಗೆ ಬಂದು, ಕ್ಯಾರಿಯರ್ರಿಗೆ ಸುರಿದುಕೊಂಡು ಹೋಗಲು ಶುರು ಮಾಡಿದರು. ಕೆಳಗಿನ ಡಬ್ಬಿಗೆ ಪುಳಿಯೋಗರೆ, ಮೇಲಿನದಕ್ಕೆ ಮೊಸರನ್ನ. ಮನೆಯದು ಅನ್ನಿಸಲಿ ಅಂತ ಸೌತೆಕಾಯಿ ಹೆಚ್ಚಿ ಇಟ್ಟುಕೊಳ್ಳುತ್ತಿದ್ದರಂತೆ. ಒಂದು ದಿನ ಪಕ್ಕದವರು ಒಂದು ತುತ್ತು ತಿಂದು ನಕ್ಕರು. "ಏನ್ ಸಾರ್, ಇದು ಸರ್ಕಲ್ ಹತ್ರದ ಹೋಟ್ಲು ಪುಳಿಯೋಗರೆ ಅಲ್ವಾ? ಆಷಾಢದಲ್ಲಿ ಹೊಸ ಮದುಮಗನ್ನ ಬಿಟ್ಟು ಹೋದಂಗೆ ಮಿಸೆಸ್ಸು ನಿಮ್ಮನ್ನೂ ಬಿಟ್ಟು ತವರಿಗೆ ಹೋದ್ರಾ?"

ಎಲ್ಲರೂ ನಕ್ಕರು. ಇವರೂ ನಕ್ಕರು. ಮರುದಿನದಿಂದ ಟೇಬಲ್ಲಿಗೆ ಹೋಗಲಿಲ್ಲ.

ಆ ಸಹೋದ್ಯೋಗಿಗೆ ಏನೂ ಗೊತ್ತಿರಲಿಲ್ಲ. ಕೆಟ್ಟವರೂ ಅಲ್ಲ. ನಮ್ಮ ಕಡೆ ಡಬ್ಬಿ ತೆರೆದರೆ ಮನೆಯೇ ತೆರೆದ ಹಾಗೆ. ಯಾರ ಮನೆಯಲ್ಲಿ ಶನಿವಾರ ಒಪ್ಪತ್ತು, ಯಾರ ಅಮ್ಮ ಊರಿಂದ ಬಂದಿದ್ದಾರೆ, ಯಾರಿಗೆ ತಿಂಗಳ ಕೊನೆಗೆ ಬರೀ ಚಿತ್ರಾನ್ನ, ಎಲ್ಲಾ ಅಲ್ಲೇ ಗೊತ್ತಾಗುತ್ತದೆ. ಬಾಯಿ ಬಿಟ್ಟು ಹೇಳುವ ಮೊದಲೇ ಡಬ್ಬಿ ಹೇಳಿಬಿಡುತ್ತದೆ. ಇದು ಎಷ್ಟೋ ಜನಕ್ಕೆ ಖುಷಿ. ಮನೆ ಮುರಿಯುತ್ತಿರುವವರಿಗೆ ಮಾತ್ರ ದಿನಾ ಒಂದು ಪರೀಕ್ಷೆ.

ನಾನು ಕೊಟ್ಟ ಸಲಹೆ ಹೀಗಿತ್ತು.

ಟೇಬಲ್ಲಿನ ಮಾತು ಆಮೇಲೆ, ಮೊದಲು ಹೊಟ್ಟೆಗೆ ಹಾಕಿಕೊಳ್ಳಿ. ಎಲ್ಲಿ ಬೇಕಾದರೂ ಕೂತು ತಿನ್ನಿ, ಏನು ಬೇಕಾದರೂ ತಿನ್ನಿ, ತಿನ್ನಿ ಅಷ್ಟೇ. ಖಾಲಿ ಕ್ಯಾರಿಯರ್ ನಾಳೆಯಿಂದ ಮನೆಯಲ್ಲಿರಲಿ. ಪಾರ್ಸೆಲ್ ತಂದರೆ ಪಾರ್ಸೆಲ್ಲಾಗಿಯೇ ತನ್ನಿ. ಹೋಟೆಲ್ ಊಟ ತರುವ ಗಂಡಸರು ಬೆಂಗಳೂರಲ್ಲಿ ಲಕ್ಷಾಂತರ ಮಂದಿ ಇದ್ದಾರೆ. ಯಾಕೆ ಅಂತ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ.

ಆಮೇಲೆ, ಒಬ್ಬರಿಗೆ ಹೇಳಿ. ಒಬ್ಬರಿಗೆ ಮಾತ್ರ. ಯಾರು ಅಂತ ಕೇಳಿದಾಗ ಇವರು ತಡಮಾಡದೆ ಸ್ಟೋರ್ಸಿನಲ್ಲಿರುವ ಹಿರಿಯರೊಬ್ಬರ ಹೆಸರು ಹೇಳಿದರು. ಇಬ್ಬರೂ ಒಂದೇ ಬಸ್ಸಿಗೆ ಬರುವವರು. ಉದ್ದ ಕಥೆ ಬೇಡ, "ಅಣ್ಣಾ, ಮನೇಲಿ ಈಗ ನಾನೊಬ್ನೇ ಇದ್ದೀನಿ, ಕೇಸು ನಡೀತಿದೆ" ಅಂದರೆ ಸಾಕು ಅಂತ ಹೇಳಿಕೊಟ್ಟೆ.

ಕೊನೆಗೆ, ವಾರಕ್ಕೆ ಎರಡು ದಿನ ಟೇಬಲ್ಲಿಗೆ ಹೋಗಿ. ಆ ಹಿರಿಯರ ಪಕ್ಕ ಕೂರಿ. ಹದಿನೈದು ನಿಮಿಷ ಕೂತು ಎದ್ದರೂ ಪರವಾಗಿಲ್ಲ. ಮಿಕ್ಕ ದಿನ ಒಬ್ಬರೇ ಇರಬೇಕು ಅನ್ನಿಸಿದರೆ ಇರಿ. ಅದಕ್ಕೆ ಡಯಟ್ ಅಂತ ನೆಪ ಹೇಳಬೇಡಿ. "ಇವತ್ತು ಸ್ವಲ್ಪ ಸುಮ್ನೆ ಕೂರ್ತೀನಿ" ಅನ್ನಿ. ಯಾರಾದರೂ ಮನೆಯವರ ಅಡಿಗೆ ಕೇಳಿದರೆ, "ಈಗ ಹೋಟ್ಲು ಊಟ ಸಾರ್, ಅದ್ರ ವಿಷ್ಯ ಬಿಡಿ, ನಿಮ್ದೇನು ಪಲ್ಯ?" ಇದನ್ನು ನನ್ನ ಕೋಣೆಯಲ್ಲೇ ಅವರ ಬಾಯಲ್ಲಿ ಮತ್ತೆ ಮತ್ತೆ ಹೇಳಿಸಿದೆ. ಮೊದಲ ಸಲ ಅರ್ಧಕ್ಕೇ ನಿಂತಿತು. ಆಮೇಲೆ ಸಲೀಸಾಯಿತು.

ಈ ಸಲಹೆಗೆ ಎರಡು ಕಡೆಯಿಂದ ಆಕ್ಷೇಪ ಬರುತ್ತದೆ ಅಂತ ಗೊತ್ತು. ನನ್ನ ಜೊತೆ ಕೆಲಸ ಮಾಡುವ ಕಿರಿಯ ಸಲಹೆಗಾರ್ತಿಯೇ ಕೇಳಿದ್ದಾಳೆ. "ಎರಡು ದಿನ ಯಾಕೆ ಮೇಡಂ? ದಿನಾ ಹೋದರಲ್ವಾ ಭಯ ಬಿಡೋದು? ಎಲ್ಲರಿಗೂ ಹೇಳಿಬಿಟ್ಟರೆ ಮುಗೀತಲ್ಲ." ಅವಳು ಓದಿದ್ದು ತಪ್ಪಲ್ಲ. ಭಯ ಇರುವ ಜಾಗಕ್ಕೆ ಮತ್ತೆ ಮತ್ತೆ ಹೋದರೆ ಭಯ ಇಳಿಯುತ್ತದೆ. ಆದರೆ ಈ ಮನುಷ್ಯನಿಗೆ ಇರುವುದು ಜನರ ಭಯ ಅಲ್ಲ. ಮೊದಲು ಅದೇ ಟೇಬಲ್ಲಲ್ಲಿ ಜೋರಾಗಿ ನಗುತ್ತಿದ್ದವರು. ಕೇಸು ಇನ್ನೂ ನಡೆಯುತ್ತಿದೆ, ಮಗಳು ಯಾರ ಹತ್ತಿರ ಇರುತ್ತಾಳೆ ಅನ್ನುವುದು ತೀರ್ಮಾನವಾಗಿಲ್ಲ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಪ್ರಕಾರ ಗಂಡ ಹೆಂಡಿರಲ್ಲಿ ಯಾರೊಬ್ಬರು ಕೇಳಿದರೂ ವಿಚಾರಣೆಯನ್ನು ಬಾಗಿಲು ಮುಚ್ಚಿ ನಡೆಸಬೇಕು. ಕೋರ್ಟೇ ಬಾಗಿಲು ಮುಚ್ಚುವ ವಿಷಯವನ್ನು ಊಟದ ಟೇಬಲ್ಲಿಗೆ ತೆರೆದಿಡಿ ಅಂತ ನಾನು ಹೇಳಲಾರೆ. ಒಮ್ಮೆ ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ. ಮರುದಿನ ಡಿಸ್ಪ್ಯಾಚಿನವರಿಗೂ ಗೊತ್ತಿರುತ್ತದೆ. ಆಮೇಲೆ ಒಬ್ಬೊಬ್ಬರೂ ಬಂದು ರಾಜಿ ಮಾಡಿಕೊಳ್ಳಿ ಅಂತ ಬುದ್ಧಿ ಹೇಳುತ್ತಾರೆ.

ಇನ್ನೊಂದು ಆಕ್ಷೇಪ ಇದರ ತದ್ವಿರುದ್ಧ. ಊಟದ ಹೊತ್ತು ನನ್ನದು, ಯಾರ ಜೊತೆಗೂ ಕೂರಲ್ಲ, ಅಷ್ಟೇ ಅನ್ನಬಹುದಿತ್ತಲ್ಲ ಅಂತ. ಆ ಹೊತ್ತು ನೌಕರರದ್ದೇ ಅನ್ನುವುದರಲ್ಲಿ ನನಗೂ ಅನುಮಾನವಿಲ್ಲ. ಸತತ ಐದು ಗಂಟೆಗಿಂತ ಹೆಚ್ಚು ದುಡಿಸಬಾರದು, ನಡುವೆ ಅರ್ಧ ಗಂಟೆಯಾದರೂ ಬಿಡುವು ಕೊಡಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿದ್ದರು. ಬಿಡುವು ಅಂದರೆ ಬಿಡುವು, ಅಲ್ಲಿ ಸ್ನೇಹ ಬೆಳೆಸಬೇಕು ಅಂತೇನೂ ಇಲ್ಲ. ಒಬ್ಬರೇ ಕೂತು ಉಣ್ಣುವ ಸುಖ ಗೊತ್ತಿರುವವರು ನನ್ನ ಹತ್ತಿರ ಬಂದರೆ, ಹಾಗೇ ಇರಿ ಅಂತ ಕಳಿಸಿಬಿಡುತ್ತೇನೆ. ಇವರ ವಿಷಯ ಬೇರೆ. ಇವರಿಗೆ ಆ ಟೇಬಲ್ ಬೇಕಿತ್ತು. ಸಂಜೆ ಹೋದರೆ ಖಾಲಿ ಮನೆ. ದಿನದಲ್ಲಿ ನಾಲ್ಕು ಜನ "ಏನ್ ಸಾರ್" ಅನ್ನುವ ಜಾಗ ಅದೊಂದೇ. ಅದನ್ನೂ ಬಿಟ್ಟುಕೊಡಿ ಅನ್ನುವುದು ನನ್ನಿಂದಾಗಲಿಲ್ಲ.

ಮ್ಯಾನೇಜರುಗಳಿಗೂ ಇಲ್ಲೊಂದು ಮಾತು ಹೇಳಬೇಕು. ಒಟ್ಟಿಗೆ ಊಟ ಮಾಡಿದರೆ ಕೆಲಸ ಚೆನ್ನಾಗಿ ಆಗುತ್ತದೆ ಅನ್ನಲು ನೀವು ತರಬೇತಿಗಳಲ್ಲಿ ತೋರಿಸುವ ಅಧ್ಯಯನ ಇದೆಯಲ್ಲ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕೆವಿನ್ ನಿಫಿನ್ ಮತ್ತು ಅವರ ಜೊತೆಗಾರರು 2015ರಲ್ಲಿ ಪ್ರಕಟಿಸಿದ್ದು, ಅದು ಅಗ್ನಿಶಾಮಕ ಠಾಣೆಗಳದ್ದು. ಅಲ್ಲಿಯವರು ಠಾಣೆಯಲ್ಲೇ ಅಡಿಗೆ ಮಾಡಿಕೊಂಡು, ಒಟ್ಟಿಗೆ ಉಂಡು, ಒಟ್ಟಿಗೇ ಬೆಂಕಿಗೆ ನುಗ್ಗುವವರು. ಜಿಎಸ್‌ಟಿ ರಿಟರ್ನ್ ತುಂಬುವವರಿಗೆ ಅದನ್ನು ಹಾಗೇ ಹಚ್ಚಬೇಡಿ. ಕಚೇರಿ ನೌಕರರನ್ನೇ ನೋಡಿದ ಅಧ್ಯಯನ ಬೇಕಿದ್ದರೆ ಟೊರೊಂಟೊ ವಿಶ್ವವಿದ್ಯಾಲಯದ ಜಾನ್ ಟ್ರುಗಾಕೋಸ್ ಮತ್ತು ಸಂಗಡಿಗರದ್ದು ಇದೆ, 2014ರದ್ದು. ಊಟದ ಹೊತ್ತನ್ನು ಹೇಗೆ ಕಳೆಯಬೇಕು ಅನ್ನುವುದು ತಮ್ಮ ಕೈಯಲ್ಲಿ ಇಲ್ಲದಾಗ, ಜನರ ಜೊತೆ ಬೆರೆತವರು ಸಂಜೆಗೆ ಇನ್ನಷ್ಟು ದಣಿದಿದ್ದರು. ಆಯ್ಕೆ ತಮ್ಮದೇ ಆಗಿದ್ದಾಗ ಆ ದಣಿವು ಇರಲಿಲ್ಲ. ಹಾಗಾಗಿ ಅಪ್ರೈಸಲ್ಲಿನಲ್ಲಿ ಊಟದ ವಿಷಯ ಬರೆಯುವುದು ನಿಲ್ಲಿಸಿ. ಅದು ಸಲಹೆ ಅಲ್ಲ, ಒತ್ತಾಯ. "ನಾವೆಲ್ಲ ಒಂದೇ ಫ್ಯಾಮಿಲಿ" ಅನ್ನುವ ಕಂಪನಿಗಳಲ್ಲೇ ಇದು ಜಾಸ್ತಿ.

ಟೇಬಲ್ ಬಿಟ್ಟವರೆಲ್ಲ ಒಂದೇ ಕಾರಣಕ್ಕೆ ಬಿಟ್ಟಿರುವುದಿಲ್ಲ, ಹಾಗಾಗಿ ಎಲ್ಲರಿಗೂ ಇದೇ ಸಲಹೆ ಅಲ್ಲ. ಹೊರವರ್ತುಲ ರಸ್ತೆಯ ಐಟಿ ಕಂಪನಿಗೆ ಹೊಸದಾಗಿ ಸೇರಿದ ಒಬ್ಬ ಹುಡುಗನದ್ದು ಬರೀ ದುಡ್ಡಿನ ಕಷ್ಟ. ತಂಡದವರು ದಿನಾ ಆ್ಯಪಿನಲ್ಲಿ ತರಿಸಿ ಬಿಲ್ ಹಂಚಿಕೊಳ್ಳುತ್ತಿದ್ದರು, ಇವನು ಊರಿಗೆ ದುಡ್ಡು ಕಳಿಸಬೇಕಿತ್ತು. "ನಾನು ಡಬ್ಬಿ ತರ್ತೀನಿ, ಶುಕ್ರವಾರ ಮಾತ್ರ ನಿಮ್ ಜೊತೆ ಆರ್ಡರ್" ಅಂದ, ಸರಿಹೋಯಿತು. ಮದುವೆಯಾಗಿ ಕೆಲವು ವರ್ಷವಾದ ಹೆಣ್ಣುಮಗಳಿಗೆ "ಏನೂ ವಿಶೇಷ ಇಲ್ವಾ?" ಅಂತ ದಿನಾ ಕೇಳುವ ಟೇಬಲ್ ಇತ್ತು. ಆಕೆಗೆ ಟೇಬಲ್ ಬದಲಾಯಿಸಿ ಅಂದೆ, ಅಷ್ಟೇ. ಇನ್ನೊಬ್ಬಳು ಮಂಗಳೂರಿನ ಕಡೆಯವಳು. ಮೀನಿನ ಸಾರು ತಂದಿದ್ದಕ್ಕೆ ಮೂಲೆಯಲ್ಲಿ ಬೇರೆ ಕೂರು ಅಂದಿದ್ದರು. ಅವಳಿಗೆ ಹೊಂದಿಕೊಂಡು ಹೋಗು ಅಂತ ನಾನು ಹೇಳಲಿಲ್ಲ, ಹೇಳುವುದೂ ಇಲ್ಲ. ಬರೆದು ಎಚ್‌ಆರ್‌ಗೆ ಕೊಡು ಅಂದೆ. ಅದು ಅವಳ ಮನಸ್ಸಿನ ತೊಂದರೆ ಅಲ್ಲವೇ ಅಲ್ಲ.

ಟೇಬಲ್ಲಿನಲ್ಲಿ ಕೂರುವ ಉಳಿದವರಿಗೆ: ಪಲ್ಯ ಚೆನ್ನಾಗಿದೆ ಅನ್ನಿ. ಯಾರು ಮಾಡಿದ್ದು, ಯಾಕೆ ಇವತ್ತು ಇಲ್ಲ ಅಂತ ಕೆದಕಬೇಡಿ. ಹೇಳಬೇಕು ಅನ್ನಿಸಿದವರು ತಾವೇ ಹೇಳುತ್ತಾರೆ. ದಿನಾ ಬರುತ್ತಿದ್ದವರು ಒಮ್ಮೆಲೇ ಬರುವುದು ಬಿಟ್ಟರೆ ಎಲ್ಲರ ಮುಂದೆ ಕರೆಯಬೇಡಿ. ಒಬ್ಬರು ಹೋಗಿ "ಕಾಫಿಗೆ ಬರ್ತೀರಾ?" ಅಂದರೆ ಸಾಕು.

ಪೀಣ್ಯದವರು ಸ್ಟೋರ್ಸಿನ ಹಿರಿಯರಿಗೆ ಬಸ್ಸಿನಲ್ಲಿ ಹೇಳಿದರು. ಅವರು ಏನೂ ಬುದ್ಧಿ ಹೇಳಲಿಲ್ಲವಂತೆ. "ಮಗೂನ ನೋಡೋಕೆ ಬಿಡ್ತಾರಾ?" ಅಂತ ಒಂದೇ ಮಾತು ಕೇಳಿದರಂತೆ. ಟೇಬಲ್ಲಿಗೆ ಈಗ ಮಂಗಳವಾರ, ಗುರುವಾರ ಹೋಗುತ್ತಾರೆ. ಪುಳಿಯೋಗರೆ ತಮಾಷೆ ಮಾಡಿದವರು ಇನ್ನೂ ತಮಾಷೆ ಮಾಡುತ್ತಾರೆ, ಅವರ ಎದುರು ಕೂರುವುದನ್ನು ಇವರು ತಪ್ಪಿಸುತ್ತಾರೆ. ಊಟ ಬಿಡುವುದು ನಿಂತಿದೆ. ಅಸಿಡಿಟಿ ಪೂರ್ತಿ ಹೋಗಿಲ್ಲ, ಮಾತ್ರೆ ನಡೆಯುತ್ತಿದೆ. ಸೆಕ್ಷನ್ ಹೆಡ್ ನನಗೊಮ್ಮೆ ಫೋನ್ ಮಾಡಿ "ಏನು ಪ್ರಾಬ್ಲಂ ಮೇಡಂ ಅವರಿಗೆ?" ಅಂತ ಕೇಳಿದ್ದರು. ನಾನು ಹೇಳಲಿಲ್ಲ. ಅವರಿಗೆ ಸ್ವಲ್ಪ ಬೇಜಾರಾಯಿತು.

ಇದನ್ನು ಓದುತ್ತಿರುವ ನೀವೂ ಮಧ್ಯಾಹ್ನದ ಊಟ ಬಿಡುತ್ತಿದ್ದರೆ, ಜೊತೆಗೆ ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ ಕೆಟ್ಟಿದ್ದರೆ, ಯಾವುದರಲ್ಲೂ ಆಸೆ ಇಲ್ಲ ಅನ್ನಿಸುತ್ತಿದ್ದರೆ, ಟೇಬಲ್ಲಿನ ಪ್ರಶ್ನೆ ಬದಿಗಿಟ್ಟು ಯಾರಿಗಾದರೂ ತೋರಿಸಿಕೊಳ್ಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.