ಎ.ಎಲ್.ಪಿ. ಇಳಿಯಿತು, ಇನ್ನು ಮಾತ್ರೆ ಬಿಡಬಹುದೆ?

ಪತ್ರದ ಸಾರ: ‘ನನ್ನ ತಾಯಿಗೆ 54 ವರ್ಷ, ತೂಕ 62 ಕಿಲೊ. ಪ್ರೈಮರಿ ಬಿಲಿಯರಿ ಕೊಲಾಂಜೈಟಿಸ್ (ಲಿವರ್‌ನೊಳಗಿನ ಪುಟ್ಟ ಪಿತ್ತನಾಳಗಳು ಹಾಳಾಗುವ ಕಾಯಿಲೆ) ಎಂದು ಗೊತ್ತಾಗಿ ಒಂದು ವರ್ಷವಾಯಿತು. ಅರ್ಸೋಡಿಯಾಕ್ಸಿಕೋಲಿಕ್ ಆಸಿಡ್ 300 ಮಿ.ಗ್ರಾಂ ಮಾತ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು. ನವೆಗೆ ಕೊಲೆಸ್ಟಿರಮೈನ್ ಪುಡಿ. ಮರೆಯದಿರಲಿ ಎಂದು ಮಾತ್ರೆಯ ಜೊತೆಗೇ ಕುಡಿಯುತ್ತಾರೆ. ಎ.ಎಲ್.ಪಿ. (ರಕ್ತದಲ್ಲಿ ಅಳೆಯುವ ಲಿವರ್ ಕಿಣ್ವ) 412 ಇದ್ದದ್ದು ಈಗ 236. ಬಿಲಿರುಬಿನ್ (ಕಾಮಾಲೆಯಲ್ಲಿ ಏರುವ ಹಳದಿ ವಸ್ತು) 0.8. ಹುಷಾರಾಗಿದ್ದಾರೆ. ಆದರೂ ಮೂರು ತಿಂಗಳಿಗೊಮ್ಮೆ ರಕ್ತ ಕೊಡಬೇಕೆ? ಮಾತ್ರೆ ನಿಲ್ಲಿಸಬಹುದೆ? ಅಮೃತಬಳ್ಳಿ ಕಷಾಯ ಕೊಡಬಹುದೆ?’

ಮಾತ್ರೆ ನಿಲ್ಲಿಸಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇವೆ. ಈ ಔಷಧ ಕಾಯಿಲೆಯನ್ನು ಬೇರುಸಹಿತ ಕೀಳುವುದಿಲ್ಲ, ತಡೆದು ಹಿಡಿಯುತ್ತದೆ. ಬಿಟ್ಟರೆ ಎ.ಎಲ್.ಪಿ. ಮತ್ತೆ ಏರುತ್ತದೆ.

ತಾಯಿಯವರು ಹುಷಾರಾಗಿರುವುದು ಸಂತೋಷದ ಸಂಗತಿ. ಆದರೆ ಈ ಕಾಯಿಲೆಯಲ್ಲಿ ಮೈಗೆ ಅನಿಸುವುದಕ್ಕೂ ಲಿವರ್‌ನೊಳಗೆ ನಡೆಯುವುದಕ್ಕೂ ತಾಳೆಯಾಗುವುದಿಲ್ಲ. ರಾತ್ರಿಯಿಡೀ ಅಂಗೈ ಅಂಗಾಲು ಕೆರೆದುಕೊಳ್ಳುವವರ ಲಿವರ್ ಸಾಕಷ್ಟು ಚೆನ್ನಾಗಿರಬಹುದು. ಏನೂ ತೊಂದರೆಯಿಲ್ಲ ಎನ್ನುವವರಲ್ಲಿ ಲಿವರ್ ಗಟ್ಟಿಯಾಗುತ್ತಾ ಬಂದಿರಬಹುದು. ಹೊಟ್ಟೆಯ ಸ್ಕ್ಯಾನಿಂಗ್ ನಾರ್ಮಲ್ ಬಂದರೂ ನಿಶ್ಚಿಂತರಾಗುವಂತಿಲ್ಲ. ಹಾಳಾಗುವುದು ಲಿವರ್‌ನ ಒಳಗಿನ, ಸೂಕ್ಷ್ಮದರ್ಶಕದಲ್ಲಷ್ಟೇ ಕಾಣುವ ಪುಟ್ಟ ಪಿತ್ತನಾಳಗಳು. ಅಲ್ಲಿ ಪಿತ್ತರಸ ಹರಿಯದೆ ನಿಂತಾಗ ಲಿವರ್ ಎ.ಎಲ್.ಪಿ. ಕಿಣ್ವವನ್ನು ಹೆಚ್ಚು ತಯಾರಿಸುತ್ತದೆ, ಅದು ರಕ್ತದಲ್ಲಿ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಮೂರರಿಂದ ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ.

ಈಗ ನೀವು ಕಳಿಸಿದ ವರದಿಗಳಿಗೆ ಬರೋಣ. ಎರಡೂ ಬೇರೆ ಬೇರೆ ಲ್ಯಾಬಿನವು. ಒಂದರಲ್ಲಿ ಎ.ಎಲ್.ಪಿ.ಯ ಮೇಲ್ಮಿತಿ 120, ಇನ್ನೊಂದರಲ್ಲಿ 104. ಬರೀ 412, 236 ಎಂದು ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಆಯಾ ಲ್ಯಾಬಿನ ಮೇಲ್ಮಿತಿಯಿಂದ ಭಾಗಿಸಿ: 412 ಅನ್ನು 120ರಿಂದ ಭಾಗಿಸಿದರೆ 3.4 ಪಟ್ಟು, 236 ಅನ್ನು 104ರಿಂದ ಭಾಗಿಸಿದರೆ 2.3 ಪಟ್ಟು. ಇಳಿದಿರುವುದು ನಿಜ. ಆದರೆ ಒಂದು ವರ್ಷದ ಚಿಕಿತ್ಸೆಯ ನಂತರ ಇದು 1.67 ಪಟ್ಟಿಗಿಂತ ಕೆಳಗಿರಬೇಕು ಎಂಬುದು ತಜ್ಞರು ಬಳಸುವ ಒಂದು ಗಡಿ. ಇನ್ನೂ ಬಿಗಿಯಾದ ಲೆಕ್ಕದಲ್ಲಿ 1.5 ಪಟ್ಟು. 1.67 ಪಟ್ಟು ಎಂದರೆ ನಿಮ್ಮ ಎರಡನೇ ಲ್ಯಾಬಿನಲ್ಲಾದರೆ 174ಕ್ಕಿಂತ ಕಡಿಮೆ. ಅಲ್ಲಿಗೆ ನಾವಿನ್ನೂ ತಲುಪಿಲ್ಲ. ಬಿಲಿರುಬಿನ್ 1ರೊಳಗಿರುವುದು ದೊಡ್ಡ ಸಮಾಧಾನ.

ಏಕೆ ತಲುಪಿಲ್ಲ? ಪತ್ರದಲ್ಲೇ ಎರಡು ಕಾರಣ ಕಾಣುತ್ತಿವೆ. ಮಾತ್ರೆಯ ಪ್ರಮಾಣ ದೇಹದ ತೂಕದ ಪ್ರತಿ ಕಿಲೊಗೆ ದಿನಕ್ಕೆ 13ರಿಂದ 15 ಮಿ.ಗ್ರಾಂ ಇರಬೇಕು. 62 ಕಿಲೊಗೆ 806ರಿಂದ 930, ಅಂದರೆ ದಿನಕ್ಕೆ 300ರ ಮೂರು ಮಾತ್ರೆ. ತಾಯಿಯವರಿಗೆ ಸಿಗುತ್ತಿರುವುದು 600, ಕಿಲೊಗೆ ಹತ್ತೂ ಇಲ್ಲ. ಭೇದಿಯಾದೀತೆಂದು ವೈದ್ಯರು ಕಡಿಮೆಯಿಂದ ಶುರುಮಾಡಿ ಏರಿಸುವುದುಂಟು. ಏರಿಸುವುದು ಬಿಟ್ಟುಹೋಗಿದೆಯೇ ಎಂದು ಅವರನ್ನೇ ಕೇಳಿ, ನೀವಾಗಿ ಹೆಚ್ಚಿಸಬೇಡಿ.

ಎರಡನೆಯದು ಆ ಪುಡಿ. ಕೊಲೆಸ್ಟಿರಮೈನ್ ಕರುಳಿನಲ್ಲಿ ಪಿತ್ತಾಮ್ಲವನ್ನು ಹಿಡಿದುಕೊಂಡು ಮಲದಲ್ಲಿ ಹೊರಹಾಕುತ್ತದೆ. ಅರ್ಸೋಡಿಯಾಕ್ಸಿಕೋಲಿಕ್ ಆಸಿಡ್ ಕೂಡ ಒಂದು ಪಿತ್ತಾಮ್ಲವೇ! ಜೊತೆಗೆ ಕುಡಿದರೆ ಔಷಧದ ಒಂದಷ್ಟು ಭಾಗ ಮೈಗೆ ಹತ್ತದೆ ಹಾಗೇ ಹೋಗುತ್ತದೆ. ಎರಡರ ನಡುವೆ ಕನಿಷ್ಠ ನಾಲ್ಕು ಗಂಟೆ ಬಿಡಿ. ಪುಡಿ ಬೆಳಗಿನ ತಿಂಡಿಯ ಹೊತ್ತಿಗೆ, ಮಾತ್ರೆ ಮಧ್ಯಾಹ್ನ ಮತ್ತು ರಾತ್ರಿ ಊಟದ ಜೊತೆ ಇಟ್ಟುಕೊಂಡರೆ ಸುಲಭ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಪುಡಿಯಿಂದ ಇಷ್ಟೇ ದೂರ ಇಡಬೇಕು.

ಇನ್ನು ಮುಂದೆ ಒಂದೇ ಲ್ಯಾಬ್, ಬೆಳಿಗ್ಗೆ ಖಾಲಿ ಹೊಟ್ಟೆ. ಊಟವಾದ ಮೇಲೆ ಕೆಲವರಲ್ಲಿ ಕರುಳಿನ ಎ.ಎಲ್.ಪಿ. ರಕ್ತಕ್ಕೆ ಬಂದು ಸಂಖ್ಯೆ ಏರುತ್ತದೆ. ಒಂದು ಹಾಳೆಯಲ್ಲಿ ದಿನಾಂಕ, ತೂಕ, ಎ.ಎಲ್.ಪಿ. ಎಷ್ಟು ಪಟ್ಟು, ಎ.ಎಸ್.ಟಿ. (ಇನ್ನೊಂದು ಲಿವರ್ ಕಿಣ್ವ), ಬಿಲಿರುಬಿನ್, ಆಲ್ಬುಮಿನ್ (ಲಿವರ್ ತಯಾರಿಸುವ ಪ್ರೋಟೀನ್), ಪ್ಲೇಟ್‌ಲೆಟ್ ಎಂದು ಗೆರೆ ಹಾಕಿ ಬರೆದಿಡಿ. ಪ್ಲೇಟ್‌ಲೆಟ್ 2.4 ಲಕ್ಷ, 2.0, 1.7 ಎಂದು ಜಾರುತ್ತಿದ್ದರೆ ಪ್ರತಿ ವರದಿಯೂ ಬಿಡಿಯಾಗಿ ‘ನಾರ್ಮಲ್’ ಎಂದೇ ಹೇಳುತ್ತದೆ. ಹಾಳೆಯಲ್ಲಿ ಮಾತ್ರ ಜಾರುವಿಕೆ ಕಾಣುತ್ತದೆ, ಅದು ಲಿವರ್ ಗಟ್ಟಿಯಾಗುತ್ತಿರುವ ಸೂಚನೆಯಾಗಿರಬಹುದು.

ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಿದಂತಿಲ್ಲ. ಮೂರು ಗಂಟೆ ಏನೂ ತಿನ್ನದೆ ಹೋಗಬೇಕು, ಸೂಜಿಯಿಲ್ಲ. 9.6 ಕಿಲೋಪಾಸ್ಕಲ್ ದಾಟಿದರೆ ಅಪಾಯ ಹೆಚ್ಚಿದೆ ಎಂದರ್ಥ. ಸಿರೋಸಿಸ್ (ಲಿವರ್ ಪೂರ್ತಿ ಗಟ್ಟಿಯಾಗಿ ಗಂಟುಗಟ್ಟುವುದು) ಆಗಿದ್ದರೆ ಕ್ಯಾನ್ಸರ್ ಹುಡುಕಲು ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಕಡ್ಡಾಯ. ಅನ್ನನಾಳದ ರಕ್ತನಾಳಗಳು ಉಬ್ಬಿವೆಯೇ ಎಂದು ನೋಡಲು ಎಂಡೋಸ್ಕೋಪಿಯೂ ಬೇಕಾಗಬಹುದು. ಥೈರಾಯ್ಡ್‌ನ ಟಿ.ಎಸ್.ಎಚ್. ಪರೀಕ್ಷೆ ವರ್ಷಕ್ಕೊಮ್ಮೆ, ಮೂಳೆ ಸಾಂದ್ರತೆಯ ಡೆಕ್ಸಾ ಎರಡು ಮೂರು ವರ್ಷಕ್ಕೊಮ್ಮೆ. ಮುಟ್ಟು ನಿಂತ ವಯಸ್ಸಿನವರಲ್ಲಿ ಈ ಕಾಯಿಲೆಯೂ ಸೇರಿದರೆ ಮೂಳೆ ಬೇಗ ಸವೆಯುತ್ತದೆ.

ಅಮೃತಬಳ್ಳಿ ಬೇಡವೇ ಬೇಡ. ಇದು ದೇಹದ ರೋಗನಿರೋಧಕ ಶಕ್ತಿಯೇ ಪಿತ್ತನಾಳದ ಮೇಲೆ ತಿರುಗಿಬಿದ್ದು ಬರುವ ಕಾಯಿಲೆ. ಆ ಶಕ್ತಿಯನ್ನು ಕೆರಳಿಸುವ ಬಳ್ಳಿಯಿಂದ ಲಿವರ್‌ಗೆ ಪೆಟ್ಟಾದ ಪ್ರಕರಣಗಳನ್ನು ಕೋವಿಡ್ ಕಾಲದಿಂದೀಚೆಗೆ ನಮ್ಮ ದೇಶದ ವೈದ್ಯರೇ ದಾಖಲಿಸಿದ್ದಾರೆ. ಕಾಮಾಲೆಗೆಂದು ಹಳ್ಳಿಗಳಲ್ಲಿ ಕೊಡುವ ಸೊಪ್ಪಿನ ರಸವೂ ಬೇಡ.

ಕಣ್ಣು ಹಳದಿಯಾದರೆ, ಹೊಟ್ಟೆ ಉಬ್ಬಿದರೆ ಮುಂದಿನ ತಾರೀಖಿಗೆ ಕಾಯದೆ ವೈದ್ಯರಲ್ಲಿಗೆ ಹೋಗಿ. ರಕ್ತ ವಾಂತಿ, ಟಾರಿನಂತೆ ಕಪ್ಪು ಮಲ, ಮಾತು ತೊದಲಿ ಮಂಕಾಗುವುದು ಕಂಡರೆ ಅದೇ ಕ್ಷಣ ತುರ್ತು ವಿಭಾಗಕ್ಕೆ. ಬಿಲಿರುಬಿನ್ 3 ದಾಟಿ ಇಳಿಯದಿದ್ದರೆ ಲಿವರ್ ಕಸಿ ಕೇಂದ್ರದ ವೈದ್ಯರನ್ನು ಕಾಣುವ ಸಮಯ. ನಿಮ್ಮ ತಾಯಿ ಅಲ್ಲಿಂದ ಬಹಳ ದೂರದಲ್ಲಿದ್ದಾರೆ. ಈ ವಾರ ಆಗಬೇಕಾದದ್ದು ಮಾತ್ರೆಯ ಪ್ರಮಾಣ ಕೇಳುವುದು ಮತ್ತು ಪುಡಿಯ ಹೊತ್ತು ಬದಲಿಸುವುದು. ಮೂರು ತಿಂಗಳು ಬಿಟ್ಟು ಅದೇ ಲ್ಯಾಬಿನಲ್ಲಿ ಎ.ಎಲ್.ಪಿ. ಮಾಡಿಸಿ, ಹಾಳೆಯ ನಕಲು ನಮಗೂ ಕಳಿಸಿ.